ಕಡಲು ಕಾಣದವರಿಗೆ ಸಮುದ್ರವರ್ಣನೆಯ ಪಾಠ

ಈ ವರ್ಷದ ಮೊದಲ ಅಧ್ಯಾಪಕರ ಸಭೆಯಲ್ಲಿ ವಿದ್ಯಾರ್ಥಿಗಳ ಪ್ರವಾಸದ ವಿಷಯ ಬಂದಾಗ ಒಂದು ಮಾತು ತೀರ್ಮಾನವೆಂಬಂತೆಯೇ ಕೇಳಿಬಂದಿತು: ಎಲ್ಲಿಗಾದರೂ ಹೋಗೋಣ, ಸಮುದ್ರದ ಕಡೆಗೆ ಮಾತ್ರ ಬೇಡ. ಯಾರೂ ವಿರೋಧಿಸಲಿಲ್ಲ. ವಿರೋಧಿಸುವುದು ಸುಲಭವೂ ಆಗಿರಲಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ, ಶಾಲಾಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದನ್ನು ಈ ಜಿಲ್ಲೆಯ ಯಾವ ಅಧ್ಯಾಪಕನೂ ಮರೆತಿಲ್ಲ. ಮಕ್ಕಳನ್ನು ಕರೆದೊಯ್ದವನ ಹೊಣೆ ಎಂಥದೆಂಬುದು ಅಂದು ನಮ್ಮೆಲ್ಲರ ಎದೆಗೆ ನಾಟಿದೆ. ಆದರೂ ಸಭೆ ಮುಗಿದ ಮೇಲೆ ಆ ತೀರ್ಮಾನ ನನ್ನನ್ನು ಕಾಡತೊಡಗಿತು. ಹಳಗನ್ನಡ ಕಾವ್ಯವನ್ನು ಇಪ್ಪತ್ತೈದು ವರ್ಷಗಳಿಂದ ಮುಂಡಗೋಡ, ದಾಂಡೇಲಿ, ಹಳಿಯಾಳಗಳಲ್ಲಿ ಪಾಠ ಮಾಡುತ್ತ ಬಂದವನಾಗಿ, ಅದು ತಪ್ಪು ತೀರ್ಮಾನವೆಂದು ಇಲ್ಲಿ ವಾದಿಸಲು ಬಯಸುತ್ತೇನೆ.

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ. ದಂಡಿಯ ಕಾವ್ಯಾದರ್ಶದ ಪಟ್ಟಿಯಲ್ಲಿ ನಗರದ ಬೆನ್ನಿಗೇ ಬರುವುದು ಸಮುದ್ರ; ಪರ್ವತಕ್ಕೂ ಋತುಗಳಿಗೂ ಚಂದ್ರೋದಯಕ್ಕೂ ಆಮೇಲಿನ ಸ್ಥಾನ. ಕ್ರಿ.ಶ. 941ರಲ್ಲಿ ಪಂಪ ರಚಿಸಿದ ಆದಿಪುರಾಣದಲ್ಲಿ ದಿಗ್ವಿಜಯಕ್ಕೆ ಹೊರಟ ಭರತ ಚಕ್ರವರ್ತಿ ಮೊದಲು ಹೋಗಿ ನಿಲ್ಲುವುದು ಕಡಲಿನ ಮುಂದೆ. ಅಲ್ಲಿಂದ ಅವನು ಬಿಟ್ಟ ಬಾಣ ಮಾಗಧಾಮರನ ಆಸ್ಥಾನದಲ್ಲಿ ಹೋಗಿ ಬೀಳುತ್ತದೆ. ಅದೇ ಭರತನ ಕಥೆಯನ್ನು ಹದಿನಾರನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ಹಾಡಿದ ಕವಿಯ ಹೆಸರೇ ರತ್ನಾಕರ, ಅಂದರೆ ಕಡಲು. ಮೂರನೆಯ ಮಂಗರಸ ಬರೆದ ಶ್ರೀಪಾಲನ ಚರಿತೆಯಲ್ಲಿ ವ್ಯಾಪಾರಿ ಧವಳನು ನಾಯಕನನ್ನು ಕಡಲಿಗೇ ತಳ್ಳುತ್ತಾನೆ. ಜೈನಾಗಮಗಳ ಕಾಲಗಣನೆಯಲ್ಲಂತೂ ಕಾಲದ ಅಳತೆಯೇ ಸಮುದ್ರ; ಹತ್ತು ಕೋಟಾಕೋಟಿ ಪಲ್ಯೋಪಮಗಳಿಗೆ ಒಂದು ಸಾಗರೋಪಮ.

ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಿದ್ದಾಗ, 2023ರ ಒಂದು ಮಧ್ಯಾಹ್ನ, ನಿಮ್ಮಲ್ಲಿ ಸಮುದ್ರ ನೋಡಿದವರು ಕೈ ಎತ್ತಿರಿ ಎಂದೆ. ನಲವತ್ತೆರಡು ಮಂದಿಯಲ್ಲಿ ಒಂಬತ್ತು ಕೈಗಳು ಮೇಲೆದ್ದವು. ಇದು ಉತ್ತರ ಕನ್ನಡ, ಜಿಲ್ಲಾಕೇಂದ್ರವೇ ಕಡಲ ದಡದಲ್ಲಿರುವ ಜಿಲ್ಲೆ! ಹೊರಗಿನವರಿಗೆ ಇದು ಅಚ್ಚರಿ, ಇಲ್ಲಿಯವರಿಗೆ ಅಲ್ಲ. ಘಟ್ಟದ ಮೇಲಿನ ಹಳಿಯಾಳ, ಮುಂಡಗೋಡಗಳ ಮುಖವಿರುವುದು ಧಾರವಾಡ, ಹುಬ್ಬಳ್ಳಿಗಳ ಕಡೆಗೆ. ಸಂತೆ, ಆಸ್ಪತ್ರೆ, ಬೀಗತನ ಎಲ್ಲವೂ ಅತ್ತಲೇ. ಕಾರವಾರಕ್ಕೆ ಜನ ಹೋಗುವುದು ಕಚೇರಿಯ ಕಾಗದಪತ್ರಕ್ಕೆ. ಹೋದವರು ಸಂಜೆಯ ಬಸ್ಸು ತಪ್ಪೀತೆಂದು ಬಸ್‌ನಿಲ್ದಾಣಕ್ಕೇ ಓಡುತ್ತಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಜೋಯಿಡಾದ ಕುಣಬಿಗಳ ಮಕ್ಕಳಿದ್ದಾರೆ, ಗೌಳಿಗರ, ಸಿದ್ದಿಗಳ ಮಕ್ಕಳಿದ್ದಾರೆ. ಅನೇಕರಿಗೆ ಮನೆಮಾತು ಕೊಂಕಣಿ ಅಥವಾ ಮರಾಠಿ. ಹಳಗನ್ನಡ ಅವರಿಗೆ ಎರಡು ಪಟ್ಟು ದೂರದ ಭಾಷೆ. ಅವರ ಮುಂದೆ ನಾನು ಅರ್ಣವ, ವಾರ್ಧಿ, ಶರಧಿ, ಅಂಬುಧಿ ಎಂದು ಪರ್ಯಾಯಪದಗಳನ್ನು ಬರೆಸುತ್ತಿದ್ದೆ. ಪದ ನಾಲ್ಕು ಸಿಕ್ಕಿದವು, ಪದಾರ್ಥವೊಂದೂ ಇರಲಿಲ್ಲ.

2024ರ ಜನವರಿಯಲ್ಲಿ ಒಂದು ದಿನದ ಪ್ರವಾಸ ಹೊರಟೆವು. ಬೆಳಗಿನ ಐದಕ್ಕೆ ಹಳಿಯಾಳ ಬಿಟ್ಟಾಗ ಮೈ ನಡುಗುವ ಚಳಿ. ದಾಂಡೇಲಿಯಲ್ಲಿ ಇನ್ನಷ್ಟು ಮಂದಿ ಹತ್ತಿದರು. ಜೋಯಿಡಾ, ಕುಂಬಾರವಾಡಾ ದಾಟಿ ಅಣಶಿ ಘಟ್ಟಕ್ಕೆ ಇಳಿಯುವ ಹೊತ್ತಿಗೆ ಬಸ್ಸಿನ ಅರ್ಧದಷ್ಟು ಮಂದಿಗೆ ವಾಂತಿ. ಒಬ್ಬರು ಲಿಂಬೆಹಣ್ಣು ಹಂಚುತ್ತಿದ್ದರೆ ಇನ್ನೊಬ್ಬರು ಪ್ಲಾಸ್ಟಿಕ್ ಚೀಲ ಹಂಚುತ್ತಿದ್ದರು. ಬುತ್ತಿಯ ಚಪಾತಿ, ಚುರುಮುರಿಗಳನ್ನು ಮುಟ್ಟುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕದ್ರಾ ತಲುಪುವ ಹೊತ್ತಿಗೆ ನನಗೇ ಈ ಸಾಹಸ ಯಾಕೆ ಬೇಕಿತ್ತು ಅನಿಸಿತ್ತು.

ಬಸ್ಸನ್ನು ನೇರವಾಗಿ ಕಡಲತೀರಕ್ಕೆ ಒಯ್ಯದೆ ಕೋಡಿಬಾಗದಲ್ಲಿ, ಕಾಳಿಯ ಸೇತುವೆಯ ಬಳಿ ನಿಲ್ಲಿಸಿದೆವು. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಈಚೆ ಹಸಿರು ತಿರುಗಿದ ಅಗಲ ನೀರು, ಮುಂದೆ ನೀರಿಗೂ ಆಕಾಶಕ್ಕೂ ನಡುವೆ ಒಂದು ಗೆರೆ. ಬೆಳಿಗ್ಗೆ ದಾಂಡೇಲಿಯಲ್ಲಿ ಕತ್ತಲಲ್ಲಿ ನೋಡಿದ ಹೊಳೆಯೇ ಇದು ಎಂದಾಗ ಒಬ್ಬ ಹುಡುಗ ನಂಬಲಿಲ್ಲ. ‘ಇದು ನಮ್ಮ ಕಾಳಿ ಏನ್ರೀ ಸರ್?’ ಎಂದು ಎರಡು ಸಲ ಕೇಳಿದ. ಕಾಳಿ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ; ಹುಟ್ಟಿನಿಂದ ಕೊನೆಯವರೆಗೂ ಅದು ಒಂದೇ ಜಿಲ್ಲೆಯ ನದಿ. ಅದರ ದಾರಿಯಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟುಗಳು. ಅಲ್ಲಿಯೇ ನಿಂತಿದ್ದ ಜೋಯಿಡಾದ ಹುಡುಗಿಯೊಬ್ಬಳು, ತನ್ನ ಅಜ್ಜಿಯ ಮನೆ ಹಳೆಯ ಸೂಪಾದಲ್ಲಿತ್ತೆಂದೂ ಅದೀಗ ನೀರಿನ ತಳದಲ್ಲಿದೆಯೆಂದೂ ತನ್ನಷ್ಟಕ್ಕೇ ಹೇಳಿದಳು. ಅಜ್ಜಿಯ ಅಂಗಳವನ್ನು ಮುಳುಗಿಸಿದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಆ ಮನೆತನದಲ್ಲಿ ಕಣ್ಣಾರೆ ಕಂಡವಳು ಪ್ರಾಯಶಃ ಅವಳೇ ಮೊದಲಿಗಳು.

ಇದೇ ಕಾಳಿಯನ್ನು ಎದುರು ದಿಕ್ಕಿನಿಂದ ಕಂಡವರು ರವೀಂದ್ರನಾಥ ಠಾಕೂರರು. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತು ದಾಟಿದ ತರುಣ ಕಾರವಾರಕ್ಕೆ ಬಂದಿದ್ದರು. ಬೆಳದಿಂಗಳಿನಲ್ಲಿ ದೋಣಿಯೇರಿ ಈ ನದಿಯಲ್ಲಿ ಮೇಲಕ್ಕೆ ಸಾಗಿದ್ದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಪ್ರಕೃತಿಯನ್ನು ಗೆಲ್ಲಹೊರಟು ಸೋಲುವ ಸನ್ಯಾಸಿಯ ನಾಟಕ ‘ಪ್ರಕೃತಿಯ ಪ್ರತಿಶೋಧ’ ಹುಟ್ಟಿದ್ದು ಆ ದಿನಗಳಲ್ಲಿಯೇ. ಈಗಿನ ಕಡಲತೀರಕ್ಕೆ ಅವರ ಹೆಸರೇ ಇದೆ. ಅಲ್ಲಿ ಹೋಗಿ ಕುಳಿತು ಈ ಸಂಗತಿಯನ್ನು ಹೇಳತೊಡಗಿದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ಎಲ್ಲರ ಕಣ್ಣೂ ಅಲೆಗಳ ಮೇಲೆ. ನಾನೂ ಸುಮ್ಮನಾದೆ.

ಊಟಕ್ಕೆ ಕುಳಿತಾಗ ಹತ್ತು ಮಾರು ದೂರವಿದ್ದ ನೀರು, ಏಳುವ ಹೊತ್ತಿಗೆ ಬಿಟ್ಟ ಚಪ್ಪಲಿಗಳನ್ನು ಮುಟ್ಟಿತ್ತು. ಉಬ್ಬರದ ಕಾರಣವೇನೆಂದು ಯಾರೋ ಕೇಳಿದರು. ಚಂದ್ರನ ಸೆಳೆತವನ್ನು ಹೇಳಿದ ಮೇಲೆ, ಲವಣಸಮುದ್ರದ ತಳದಲ್ಲಿ ಪಾತಾಳಗಳಿವೆಯೆಂದೂ ಅವುಗಳೊಳಗಿನ ಗಾಳಿಯಿಂದ ನೀರು ಏರಿಳಿಯುತ್ತದೆಂದೂ ಜೈನ ಲೋಕವರ್ಣನೆಯ ಗ್ರಂಥಗಳು ವಿವರಿಸುವುದನ್ನೂ ಹೇಳಿದೆ. ವಿವರಣೆ ಇಂದಿನ ವಿಜ್ಞಾನಕ್ಕೆ ಒಪ್ಪದಿರಬಹುದು. ಆದರೆ ಆ ಪ್ರಶ್ನೆಯನ್ನು ಕೇಳಿದವರು ಎಲ್ಲೋ ಒಂದು ದಡದಲ್ಲಿ ಕುಳಿತು ನೀರು ಏರುವುದನ್ನು ನೋಡಿದವರೇ ಎಂಬುದು ನಮ್ಮ ಮಕ್ಕಳಿಗೆ ಆಗ ಹೊಳೆಯಿತು.

ಹೊರಡುವ ಹೊತ್ತಿನಲ್ಲಿ ಸಿದ್ದಿ ಸಮುದಾಯದ ಒಬ್ಬ ವಿದ್ಯಾರ್ಥಿನಿ ನನ್ನ ಬಳಿ ಬಂದು ನಿಂತಳು. ‘ನಮ್ಮ ಹಿರ್ಯಾರು ಇದರ ಮ್ಯಾಲ ಬಂದವರು ಅಂತಾರ್ರೀ ಸರ್. ಯಾವ ಕಡೆಯಿಂದ?’ ಎಂದು ಕೇಳಿದಳು. ಆಫ್ರಿಕೆಯಿಂದ ಗುಲಾಮರಾಗಿ ಹಡಗುಗಳಲ್ಲಿ ತರಲ್ಪಟ್ಟು, ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಸೇರಿದವರ ಸಂತತಿ ಅವಳದು. ನೈಋತ್ಯಕ್ಕೆ ಕೈ ತೋರಿದೆ. ಅವಳು ಅತ್ತ ನೋಡುತ್ತ ನಿಂತಳು. ಬಸ್ಸಿನ ಹಾರ್ನು ಮೂರು ಸಲ ಕೂಗಿದರೂ ಅವಳನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಅವಳ ಪಾಲಿಗೆ ಸಮುದ್ರವರ್ಣನೆ ಹದಿನೆಂಟರಲ್ಲಿ ಒಂದಲ್ಲ.

ಮರಳುವ ಪ್ರಯಾಣ ಸುಖಕರವಾಗಿತ್ತೆಂದು ಹೇಳಲಾರೆ. ಬಾಡಿಗೆ ಬಸ್ಸು ಘಟ್ಟ ಹತ್ತಿ ಕುಂಬಾರವಾಡಾದ ಬಳಿ ಕೆಟ್ಟು ನಿಂತಿತು. ಎರಡು ತಾಸು ಕತ್ತಲೆ, ಸೊಳ್ಳೆ, ಫೋನುಗಳಿಗೆ ಸಿಗ್ನಲ್ ಇಲ್ಲ. ಹಸಿದ ಮಕ್ಕಳು ಬೆಳಗಿನ ಚುರುಮುರಿಯನ್ನು ಈಗ ಹಂಚಿಕೊಂಡು ತಿಂದರು. ಕೊಂಕಣಿ ಹಾಡು, ದಮಾಮಿಯ ಹಾಡು, ಚಿತ್ರಗೀತೆಗಳೆಲ್ಲ ಬೆರೆತವು. ಹಳಿಯಾಳ ಮುಟ್ಟಿದಾಗ ರಾತ್ರಿ ಹನ್ನೆರಡೂವರೆ. ಬಸ್‌ನಿಲ್ದಾಣದಲ್ಲಿ ಕಾದಿದ್ದ ತಂದೆತಾಯಿಗಳಿಂದ ಕೇಳಬೇಕಾದ ಮಾತುಗಳನ್ನೆಲ್ಲ ಕೇಳಿದೆ. ಅವು ನ್ಯಾಯವಾದ ಮಾತುಗಳೇ ಆಗಿದ್ದವು.

ಹೀಗಿದ್ದೂ ಆ ಪ್ರವಾಸ ಸಾರ್ಥಕವೆನ್ನಲು ನನ್ನಲ್ಲಿ ಎರಡು ಸಾಕ್ಷಿಗಳಿವೆ. ಆದಿಪುರಾಣದ ಲಲಿತಾಂಗ–ಸ್ವಯಂಪ್ರಭೆಯರ ಪ್ರಸಂಗ ನಮ್ಮ ಪಠ್ಯದಲ್ಲಿತ್ತು. ದೇವನ ಆಯುಷ್ಯ ಬಲು ದೀರ್ಘ. ದೇವಿಯರದು ಅದರ ಮುಂದೆ ಕಿರಿದು. ಒಬ್ಬೊಬ್ಬರಾಗಿ ಬಂದು ಅಳಿದ ಮೇಲೆ ಕೊನೆಗೆ ಬಂದವಳು ಸ್ವಯಂಪ್ರಭೆ. ವರ್ಷವೂ ವಿದ್ಯಾರ್ಥಿಗಳು ಇಲ್ಲಿ ಗೈಡಿನ ನಾಲ್ಕು ಸಾಲು ಬರೆಯುತ್ತಿದ್ದರು. ಆ ಸಲ ಒಬ್ಬ ಹುಡುಗ, ಲಲಿತಾಂಗನ ಆಯುಷ್ಯ ಕಡಲಾದರೆ ದೇವಿಯರು ಅಲೆಗಳು, ನಮ್ಮ ಕಾಲನ್ನು ಮುಟ್ಟಿದ ಅಲೆ ಮಾತ್ರ ನಮಗೆ ನೆನಪಿರುತ್ತದೆ, ಅವನಿಗೆ ಅದು ಸ್ವಯಂಪ್ರಭೆ ಎಂದು ಬರೆದ. ಕಾಗುಣಿತದ ತಪ್ಪುಗಳು ಆರಿದ್ದವು. ಆ ಉತ್ತರಪತ್ರಿಕೆಯನ್ನು ನಾನು ಮೂರು ಸಲ ಓದಿದೆ. ಎರಡನೆಯದು, ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಾಗ ಬಂದ ಸಂದೇಶಗಳು. ‘ಸರ್, ನಾವು ನಿಂತ ಜಾಗ’ ಎಂದು ಏಳೆಂಟು ಮಂದಿ ಬರೆದಿದ್ದರು. ಅದುವರೆಗೆ ಕಾರವಾರದ ಸುದ್ದಿ ಅವರಿಗೆ ಬೇರೆ ಊರಿನ ಸುದ್ದಿಯಾಗಿತ್ತು.

ಕಡಲನ್ನು ಮೊಬೈಲಿನಲ್ಲೇ ತೋರಿಸಬಹುದಲ್ಲ ಎಂದು ಸಭೆಯಲ್ಲಿ ಗೆಳೆಯರೊಬ್ಬರು ಹೇಳಿದರು. ತೋರಿಸಬಹುದು, ಈ ಮಕ್ಕಳು ಅದನ್ನು ಸಾವಿರ ಸಲ ನೋಡಿಯೇ ಇದ್ದರು. ಚಿತ್ರದಲ್ಲಿ ಉಪ್ಪುಗಾಳಿಯಿಲ್ಲ, ಕಾಲಡಿಯ ಮರಳು ಜಾರುವುದಿಲ್ಲ, ನೀರು ಚಪ್ಪಲಿಯ ಕಡೆಗೆ ಬರುವುದಿಲ್ಲ. ಅಪಾಯದ ವಾದವೇ ನಿಜವಾದ ವಾದ. ಅದಕ್ಕೆ ನನ್ನ ಉತ್ತರವೂ ಅನುಭವದಿಂದ ಬಂದದ್ದು. ಒಂದೇ ದಿನದಲ್ಲಿ ಗೋಕರ್ಣ, ಮುರ್ಡೇಶ್ವರ, ಇಡಗುಂಜಿ, ಜೋಗ ಎಂದು ಓಡುವ ಪ್ರವಾಸಗಳನ್ನು ಮೊದಲು ನಿಲ್ಲಿಸಬೇಕು. ದಣಿದ ಅಧ್ಯಾಪಕ, ಇಳಿದು ಅರ್ಧ ಗಂಟೆಯಲ್ಲಿ ಎಲ್ಲ ಸುಖವನ್ನೂ ಸೂರೆಗೊಳ್ಳಲು ಹೊರಟ ಮಕ್ಕಳು, ಇವೆರಡೂ ಸೇರಿದಲ್ಲಿ ಅನಾಹುತ ಕಾದಿರುತ್ತದೆ. ಒಂದು ದಿನಕ್ಕೆ ಒಂದೇ ತೀರ ಸಾಕು. ಉಬ್ಬರವಿಳಿತದ ವೇಳೆಯನ್ನು ಮೊದಲೇ ತಿಳಿದಿರಬೇಕು. ಜೀವರಕ್ಷಕರಿರುವ ಜಾಗವನ್ನೇ ಆರಿಸಬೇಕು. ಹತ್ತು ಮಂದಿಗೆ ಒಬ್ಬ ಹಿರಿಯರಿರಬೇಕು. ನಾವು ಅಂದು ಮರಳಿನ ಮೇಲೆ ಹಗ್ಗ ಹಿಡಿಸಿ, ಪಾದ ನೆನೆಯುವಷ್ಟಕ್ಕೇ ಗಡಿ ಹಾಕಿದ್ದೆವು. ಹುಡುಗರು ಗೊಣಗಿದರು. ಗೊಣಗಲಿ. ಬಸ್ಸಿನ ವಿಷಯದಲ್ಲಿ ಮಾತ್ರ ಅಂಥ ಎಚ್ಚರ ವಹಿಸದಿದ್ದುದು ನನ್ನ ತಪ್ಪು. ಕತ್ತಲಾಗುವುದರೊಳಗೆ ಘಟ್ಟ ಹತ್ತಿ ಊರು ಸೇರುವಂತೆ ಹೊರಡಬೇಕಿತ್ತು.

ಇನ್ನೊಂದು ಮಾತನ್ನು ಮುಖ್ಯವಾಗಿ ಸಂಶೋಧಕ ಮಿತ್ರರಿಗೆ ಹೇಳಬೇಕು. ಈ ಜಿಲ್ಲೆಯ ಜೈನ ಅರಸುಮನೆಗಳ ಇತಿಹಾಸ ಕಡಲಿಲ್ಲದೆ ಅರ್ಥವಾಗುವುದಿಲ್ಲ. ಹಾಡುವಳ್ಳಿ, ಗೇರುಸೊಪ್ಪೆಗಳು ಬಾಳಿದ್ದು ಘಟ್ಟದ ಮೆಣಸು ಬಂದರಿಗೆ ಇಳಿಯುತ್ತಿದ್ದುದರಿಂದ. ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಅದರಿಂದಲೇ. ಭಟ್ಟಾಕಳಂಕನಂಥ ವೈಯಾಕರಣ 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದ್ದು ಹಾಡುವಳ್ಳಿಯ ಇಂಥ ಪರಂಪರೆಯ ಆಸರೆಯಲ್ಲಿ. ಘಟ್ಟದ ಮೇಲಿನ ನಮ್ಮ ಮಕ್ಕಳು ಈ ಚರಿತ್ರೆಯ ಹೊರಗಿನವರಲ್ಲ. ಮೆಣಸಿನ ಹೇರು ಇಳಿದದ್ದು ಇಂಥ ಘಟ್ಟದ ದಾರಿಗಳಲ್ಲೇ. ಅವರನ್ನು ದಡದವರೆಗೆ ಕರೆದೊಯ್ಯದೆ ಈ ಪಾಠವನ್ನು ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ.

ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತಲಿದ್ದೇನೆ. ಬರುವ ಜನವರಿಗೆ ಅನುಮತಿ ಸಿಕ್ಕರೆ ಹೊಸ ತಂಡದೊಡನೆ ಹೊರಡುತ್ತೇನೆ. ಐವತ್ತು ದಾಟಿದ ಮೈಗೆ ಅಣಶಿಯ ತಿರುವುಗಳು ಮೊದಲಿನಷ್ಟು ಸುಲಭವಲ್ಲ. ಲಿಂಬೆಹಣ್ಣುಗಳನ್ನು ಈ ಸಲ ಹೆಚ್ಚಾಗಿಯೇ ಕೊಂಡುಕೊಳ್ಳುತ್ತೇನೆ.