ನೆರೆ ಬರುವ ಮುನ್ನ



ವಿಶ್ವಗುರು ಬಸವಣ್ಣನವರ ಸುಪ್ರಸಿದ್ಧ ವಚನವೊಂದು ‘ನೆರೆ’ ಎಂಬ ಶಬ್ದದಿಂದಲೇ ಆರಂಭವಾಗುತ್ತದೆ. ಅಲ್ಲಿ ನೆರೆ ಎಂದರೆ ವಯಸ್ಸಾದಂತೆ ಕೂದಲಿಗೆ ಬರುವ ಬಿಳುಪು. ಮುಪ್ಪು ಮೈಗೇರುವ ಮೊದಲು, ಬೆನ್ನು ಬಾಗಿ ಅನ್ಯರ ಆಸರೆಗೆ ಕೈಚಾಚುವ ಮೊದಲು ಶಿವಪೂಜೆಯಲ್ಲಿ ತೊಡಗಬೇಕು ಎಂಬುದು ಅದರ ತಾತ್ಪರ್ಯ. ವಚನದ ಭಾರವೆಲ್ಲವೂ ‘ಮುನ್ನ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಕಾಲ ಮೀರಿದ ಮೇಲೆ ಮಾಡುವ ಪೂಜೆಗೂ ಕೈಕಾಲು ಗಟ್ಟಿಯಿರುವಾಗಲೇ ಮಾಡುವ ಪೂಜೆಗೂ ಇರುವ ಅಂತರವನ್ನು ಬಸವಣ್ಣನವರು ಅಲ್ಲಿ ತೋರಿಸಿಕೊಟ್ಟಿದ್ದಾರೆ.

ಕನ್ನಡದಲ್ಲಿ ನೆರೆ ಎಂಬ ಶಬ್ದಕ್ಕೆ ಇನ್ನೂ ಎರಡು ಅರ್ಥಗಳುಂಟು. ನದಿಯು ದಡ ಮೀರಿ ಹರಿದರೆ ಅದು ನೆರೆ; ಪಕ್ಕದ ಮನೆಯೂ ನೆರೆಯೇ. ಇಂದಿನ ದಿನಮಾನಗಳಲ್ಲಿ ಈ ಎರಡು ಅರ್ಥಗಳನ್ನು ಒಟ್ಟಿಗೆ ಇಟ್ಟು ಚಿಂತಿಸಬೇಕಾಗಿದೆ. ಏಕೆಂದರೆ ಒಂದು ನಾಡಿಗೆ ಬರುವ ನೆರೆಯ ಸುದ್ದಿ ಮೊದಲು ತಿಳಿಯುವುದು ಅನೇಕ ವೇಳೆ ನೆರೆಯ ನಾಡಿಗೆ. ಕೃಷ್ಣಾ ತೀರದ ಭಕ್ತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2019ರ ಮಹಾಪೂರದಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಎಷ್ಟು ನೀರು ಬಿಡಲಾಯಿತು ಎಂಬ ಒಂದು ಸಂಖ್ಯೆಗಾಗಿ ಕೆಳಗಿನ ಊರುಗಳು ಕಿವಿಗೊಟ್ಟು ಕುಳಿತಿದ್ದವು. ಅದು ಒಂದೇ ದೇಶದೊಳಗಿನ ಮಾತು. ಮೇಲಿನ ದಂಡೆ ಒಂದು ದೇಶದಲ್ಲಿದ್ದು ಕೆಳಗಿನ ದಂಡೆ ಇನ್ನೊಂದು ದೇಶದಲ್ಲಿದ್ದರೆ ಆ ಸಂಖ್ಯೆ ಗಡಿಯನ್ನು ದಾಟಿ ಬರಬೇಕಾಗುತ್ತದೆ. ದಾಟುವಂತೆ ಮಾಡುವುದು ಧರ್ಮ, ತಡೆಹಿಡಿಯುವುದು ಅಧರ್ಮ.

ವಿಪತ್ತು ಬಂದೆರಗಿದ ಮೇಲೆ ನೆರೆಹೊರೆಯ ದೇಶಗಳು ಪರಸ್ಪರ ನೆರವಾಗಿಲ್ಲವೆಂದಲ್ಲ. 2001ರಲ್ಲಿ ಗುಜರಾತಿನ ಭುಜ್ ಪ್ರದೇಶವು ಭೂಕಂಪದಿಂದ ನೆಲಸಮವಾದಾಗ ಪಾಕಿಸ್ತಾನವು ಪರಿಹಾರ ಸಾಮಗ್ರಿಯನ್ನು ಕಳುಹಿಸಿತು. 2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ ಭೂಮಿ ನಡುಗಿದಾಗ ಭಾರತವು ಪಾಕಿಸ್ತಾನಕ್ಕೆ ನೆರವು ನೀಡಿತು. ಗಡಿ ನಿಯಂತ್ರಣ ರೇಖೆಯ ಐದು ಸ್ಥಳಗಳನ್ನು ಸಂತ್ರಸ್ತರಿಗಾಗಿ ತೆರೆಯಲು ಎರಡೂ ದೇಶಗಳು ಒಪ್ಪಿದವು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಕಂಪವಾದ ಕೆಲವೇ ಗಂಟೆಗಳಲ್ಲಿ ಭಾರತದ ರಕ್ಷಣಾ ತಂಡಗಳು ಅಲ್ಲಿ ಇಳಿದವು. ಇವೆಲ್ಲವೂ ಸ್ತುತ್ಯಾರ್ಹ ಕಾರ್ಯಗಳೇ. ಆದರೆ ಇವೆಲ್ಲವೂ ‘ನಂತರ’ದ ಕಾರ್ಯಗಳು.

ಶರಣರು ದಾನಕ್ಕೂ ದಾಸೋಹಕ್ಕೂ ಭೇದವನ್ನು ಕಲ್ಪಿಸಿದರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗಿರುತ್ತದೆ. ಕೊಟ್ಟೆನೆಂಬ ಅಹಂಕಾರಕ್ಕೆ ಅಲ್ಲಿ ಆಸ್ಪದವುಂಟು. ದಾಸೋಹದಲ್ಲಿ ಕೊಡುವವನೇ ದಾಸ. ಕೊಡುವ ವಸ್ತು ಅವನದಲ್ಲ, ಲಿಂಗದ್ದು. ಆದ್ದರಿಂದ ಕೊಡುವುದನ್ನು ತನ್ನ ಮರ್ಜಿಯಂತೆ ನಿಲ್ಲಿಸುವ ಅಧಿಕಾರವೂ ಅವನಿಗಿಲ್ಲ. ಅನಾಹುತದ ನಂತರ ವಿಮಾನದಲ್ಲಿ ಹೋಗಿಳಿಯುವ ನೆರವಿನ ಮೂಟೆಗಳ ಮೇಲೆ ದೇಶದ ಹೆಸರು ಮತ್ತು ಧ್ವಜದ ಗುರುತು ಇರುತ್ತದೆ. ಅನಾಹುತದ ಮುನ್ನ ಕಳುಹಿಸಿದ ಒಂದು ಎಚ್ಚರಿಕೆಯ ಮೇಲೆ ಯಾವ ಗುರುತೂ ಇರುವುದಿಲ್ಲ. ಅದರಿಂದ ಬದುಕುಳಿದವನಿಗೆ ತನ್ನನ್ನು ಉಳಿಸಿದವರು ಯಾರೆಂಬುದೇ ತಿಳಿಯುವುದಿಲ್ಲ. ಆದುದರಿಂದಲೇ ಎಚ್ಚರಿಕೆಯು ದಾನಕ್ಕಿಂತ ದಾಸೋಹಕ್ಕೆ ಸಮೀಪವಾದುದು.

ಅನ್ನದ ಕಾಳೊಂದು ಕಣ್ಣಿಗೆ ಬಿದ್ದರೂ ತನ್ನ ಬಳಗವನ್ನೆಲ್ಲ ಕೂಗಿ ಕರೆಯುವ ಕಾಗೆಯ ದೃಷ್ಟಾಂತವನ್ನು ಬಸವಣ್ಣನವರು ನೀಡಿರುವುದು ಭಕ್ತರೆಲ್ಲರಿಗೂ ತಿಳಿದ ವಿಷಯ. ಅದನ್ನು ಸಾಮಾನ್ಯವಾಗಿ ಅನ್ನದಾಸೋಹದ ಸಂದರ್ಭದಲ್ಲಿ ವ್ಯಾಖ್ಯಾನಿಸಲಾಗುತ್ತದೆ. ಆದರೆ ಕಾಗೆಯು ಅನ್ನವನ್ನು ಕಂಡಾಗ ಮಾತ್ರ ಕೂಗುವುದಿಲ್ಲ; ಹದ್ದನ್ನು ಕಂಡಾಗಲೂ ಕೂಗುತ್ತದೆ. ಆ ಕೂಗು ಈ ಮರದ ಕಾಗೆಗಳಿಗೆ ಮಾತ್ರ, ಆಚೆಯ ಮರದ ಕಾಗೆಗಳಿಗಲ್ಲ ಎಂಬ ವಿಂಗಡಣೆ ಅಲ್ಲಿಲ್ಲ. ಅನ್ನವನ್ನು ಹಂಚಿಕೊಂಡು ಅಪಾಯದ ಅರಿವನ್ನು ಬಚ್ಚಿಟ್ಟುಕೊಂಡರೆ ಆ ದೃಷ್ಟಾಂತವನ್ನು ಅರ್ಧ ಮಾತ್ರ ತಿಳಿದುಕೊಂಡಂತೆ.

ಈ ಕೂಗು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಬಂಗಾಳ ಕೊಲ್ಲಿಯೇ ಸಾಕ್ಷಿ. 1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತವು ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಗೆ ಅಪ್ಪಳಿಸಿ ಕನಿಷ್ಠ 3 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಚಂಡಮಾರುತದಲ್ಲಿ ಗಾಳಿಗಿಂತಲೂ ಅದು ಎಬ್ಬಿಸುವ ಸಮುದ್ರದ ಉಬ್ಬರವೇ ಹೆಚ್ಚು ಘಾತಕ. ಆ ಉಬ್ಬರವನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಆದರೆ ಒಂದು ದಿನ ಮೊದಲು ತಿಳಿದರೆ ಎತ್ತರದ ಸ್ಥಳವನ್ನು ಸೇರಿಕೊಳ್ಳಬಹುದು. ಅಂದು ತೀರದ ಗುಡಿಸಲುಗಳಿಗೆ ಆ ಮಾತು ಸರಿಯಾಗಿ ಮುಟ್ಟಲಿಲ್ಲ.

ಆ ಮಹಾದುರಂತದ ಬಳಿಕ 1972ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ ಪ್ರಾದೇಶಿಕ ಆಯೋಗಗಳ ಆಶ್ರಯದಲ್ಲಿ ಈ ಭಾಗದ ದೇಶಗಳ ಚಂಡಮಾರುತ ಸಮಿತಿಯೊಂದು ರೂಪುಗೊಂಡಿತು. ಇಂದು ಅದರಲ್ಲಿ 13 ದೇಶಗಳಿವೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್, ಶ್ರೀಲಂಕಾ, ಇರಾನ್, ಸೌದಿ ಅರೇಬಿಯಾಗಳು ಒಂದೇ ಪಂಕ್ತಿಯಲ್ಲಿ ಕುಳಿತಿವೆ. ದೆಹಲಿಯಲ್ಲಿರುವ ಭಾರತ ಹವಾಮಾನ ಇಲಾಖೆಯ ಕೇಂದ್ರವು ಇವರೆಲ್ಲರಿಗೂ ಚಂಡಮಾರುತದ ಮುನ್ಸೂಚನೆಯನ್ನು ನೀಡುತ್ತದೆ. ಚಂಡಮಾರುತಗಳಿಗೆ ಇಡುವ ಹೆಸರುಗಳನ್ನು ಸಹ ಎಲ್ಲ ದೇಶಗಳೂ ಸೇರಿ ಕೊಟ್ಟಿವೆ. 2020ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ದೇಶಕ್ಕೆ 13ರಂತೆ 169 ಹೆಸರುಗಳಿವೆ. 2023ರ ಜೂನ್ ತಿಂಗಳಿನಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ‘ಬಿಪರ್ಜಾಯ್’ ಚಂಡಮಾರುತಕ್ಕೆ ಹೆಸರು ಕೊಟ್ಟ ದೇಶ ಬಾಂಗ್ಲಾದೇಶ; ಮುನ್ಸೂಚನೆ ಕೊಟ್ಟ ಕೇಂದ್ರ ದೆಹಲಿಯದು; ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದು ಗಡಿಯ ಈಚೆ ಗುಜರಾತಿನಲ್ಲಿಯೂ ಹೌದು, ಆಚೆ ಸಿಂಧ್ ಪ್ರಾಂತದಲ್ಲಿಯೂ ಹೌದು. ರಾಜಕೀಯದಲ್ಲಿ ಮಾತೇ ನಿಂತುಹೋಗಿರುವ ದೇಶಗಳ ನಡುವೆಯೂ ಗಾಳಿಯ ಲೆಕ್ಕ ಮಾತ್ರ ನಿಲ್ಲದೆ ನಡೆದಿದೆ. ಇದನ್ನು ಸದ್ದಿಲ್ಲದ ಕಾಯಕವೆಂದೇ ಕರೆಯಬೇಕು.

ಆದರೆ ಅಡುಗೆ ಸಿದ್ಧವಾದ ಮಾತ್ರಕ್ಕೆ ದಾಸೋಹ ಪೂರ್ಣವಾಗುವುದಿಲ್ಲ. ಕೊನೆಯ ಪಂಕ್ತಿಯ ಕೊನೆಯ ಎಲೆಗೂ ಪ್ರಸಾದ ಬೀಳಬೇಕು. 2008ರ ಮೇ 2ರಂದು ‘ನರ್ಗಿಸ್’ ಚಂಡಮಾರುತವು ಮ್ಯಾನ್ಮಾರನ್ನು ಅಪ್ಪಳಿಸುವ ಮೊದಲೇ ಭಾರತ ಹವಾಮಾನ ಇಲಾಖೆಯು ಆ ದೇಶಕ್ಕೆ ಎಚ್ಚರಿಕೆಯನ್ನು ಕಳುಹಿಸಿತ್ತು. ಅದು ಇರಾವತಿ ನದಿಯ ಮುಖಜಭೂಮಿಯ ಹಳ್ಳಿಗಳಿಗೆ ತಲುಪಬೇಕಾದ ರೀತಿಯಲ್ಲಿ ತಲುಪಲಿಲ್ಲ. ಸತ್ತವರು ಮತ್ತು ಕಾಣೆಯಾದವರ ಸಂಖ್ಯೆ ಸುಮಾರು 1,38,000. ಇದಕ್ಕೆ ಪ್ರತಿಯಾಗಿ ಬಾಂಗ್ಲಾದೇಶವು 1972ರಿಂದ ಚಂಡಮಾರುತ ಸನ್ನದ್ಧತೆಯ ಕಾರ್ಯಕ್ರಮವೊಂದನ್ನು ಕಟ್ಟಿ ಬೆಳೆಸಿದೆ. ಅದರ ಸ್ವಯಂಸೇವಕರು 76 ಸಾವಿರದಷ್ಟಿದ್ದು, ಅವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು. ಧ್ವಜ ಏರಿಸಿ, ಧ್ವನಿವರ್ಧಕ ಹಿಡಿದು ಮನೆಮನೆಗೆ ಹೋಗಿ ಕೂಗಿ ಎಬ್ಬಿಸುವುದು ಅವರ ಸೇವೆ. 2020ರ ಮೇ ತಿಂಗಳಿನಲ್ಲಿ ‘ಅಂಫಾನ್’ ಬಂದಾಗ ಆ ದೇಶವು 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಆಶ್ರಯತಾಣಗಳಿಗೆ ಸಾಗಿಸಿತು. 50 ವರ್ಷಗಳ ಹಿಂದೆ ಲಕ್ಷಗಳಲ್ಲಿ ಎಣಿಸಿದ ಸಾವುಗಳನ್ನು ಅಂದು ಹತ್ತುಗಳಲ್ಲಿ ಎಣಿಸಲಾಯಿತು. ‘ಮುನ್ನ’ ಎಂಬ ಮಾತಿನ ಬೆಲೆ ಇದು.

2004ರ ಡಿಸೆಂಬರ್ 26ರ ಸುನಾಮಿಯೂ ಇದೇ ಪಾಠವನ್ನು ಕಲಿಸಿತು. ಇಂಡೋನೇಷ್ಯಾದ ಸುಮಾತ್ರಾ ಬಳಿ ಸಮುದ್ರದ ತಳ ಕಂಪಿಸಿದ ಮೇಲೆ ಅಲೆಯು ತಮಿಳುನಾಡು ಮತ್ತು ಶ್ರೀಲಂಕಾದ ತೀರಗಳನ್ನು ಮುಟ್ಟಲು ಸುಮಾರು ಎರಡು ಗಂಟೆಗಳು ಬೇಕಾದವು. ಆ ಎರಡು ಗಂಟೆಗಳ ಕಾಲ ತೀರದ ಜನರಿಗೆ ಹೇಳುವವರೇ ಇರಲಿಲ್ಲ. ಹಿಂದೂ ಮಹಾಸಾಗರಕ್ಕೆ ಎಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ಎಲ್ಲ ದೇಶಗಳಲ್ಲಿ ಸೇರಿ 2 ಲಕ್ಷಕ್ಕೂ ಹೆಚ್ಚು ಜನ ಅಸುನೀಗಿದರು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. 2011ರಿಂದ ಭಾರತ, ಇಂಡೋನೇಷ್ಯಾ, ಆಸ್ಟ್ರೇಲಿಯಾಗಳ ಕೇಂದ್ರಗಳು ಇಡೀ ಹಿಂದೂ ಮಹಾಸಾಗರದ ದೇಶಗಳಿಗೆ ಸುನಾಮಿ ಸೂಚನೆಯನ್ನು ನೀಡುತ್ತಿವೆ.

ಸಮುದ್ರದ ವಿಷಯದಲ್ಲಿ ಮೂಡಿದ ಈ ಒಮ್ಮತ ನದಿಗಳ ವಿಷಯದಲ್ಲಿ ಇನ್ನೂ ಮೂಡಿಲ್ಲ. ಗಾಳಿಯನ್ನು ಯಾರೂ ಅಣೆಕಟ್ಟಿನಲ್ಲಿ ಹಿಡಿದಿಡಲಾರರು, ನೀರನ್ನು ಹಿಡಿದಿಡಬಹುದು. ಹಿಡಿದಿಡಬಹುದಾದುದರ ಮೇಲೆ ‘ನನ್ನದು’ ಎಂಬ ಭಾವ ಬೇಗ ಬೆಳೆಯುತ್ತದೆ. 2008ರ ಆಗಸ್ಟ್ 18ರಂದು ಕೋಸಿ ನದಿಯ ಒಡ್ಡು ನೇಪಾಳದ ಕುಸಹಾ ಎಂಬಲ್ಲಿ ಒಡೆಯಿತು. 1954ರ ಒಪ್ಪಂದದಂತೆ ಆ ಒಡ್ಡಿನ ನಿರ್ವಹಣೆ ಭಾರತದ ಹೊಣೆ, ನೆಲ ನೇಪಾಳದ್ದು. 9.5 ಲಕ್ಷ ಕ್ಯುಸೆಕ್ ಪ್ರವಾಹವನ್ನು ಎಣಿಸಿ ರೂಪಿಸಿದ ವ್ಯವಸ್ಥೆ 2 ಲಕ್ಷ ಕ್ಯುಸೆಕ್‌ಗಿಂತಲೂ ಕಡಿಮೆ ನೀರಿಗೆ ಸೋತಿತು. ನದಿಯು ಎಂದೋ ತೊರೆದಿದ್ದ ಹಳೆಯ ಪಾತ್ರಗಳನ್ನು ಹಿಡಿದು ನುಗ್ಗಿತು. ಬಿಹಾರವೊಂದರಲ್ಲಿಯೇ 30 ಲಕ್ಷಕ್ಕೂ ಅಧಿಕ ಜನರು ಸಂತ್ರಸ್ತರಾದರು. ದುರಸ್ತಿ ಏಕೆ ಆಗಲಿಲ್ಲವೆಂದು ಎರಡೂ ಕಡೆಯವರು ಪರಸ್ಪರ ಬೆರಳು ತೋರಿಸಿದರು. ಇಬ್ಬರ ಹೊಣೆಯಾದ ಕೆಲಸವು ಯಾರ ಕಾಯಕವೂ ಆಗದೆ ಉಳಿದಿತ್ತು.

ಬ್ರಹ್ಮಪುತ್ರೆಯ ಪ್ರವಾಹದ ಅಂಕಿ ಅಂಶಗಳನ್ನು ಹಂಚಿಕೊಳ್ಳಲು ಭಾರತ ಮತ್ತು ಚೀನಾ 2002ರಲ್ಲಿ ಒಪ್ಪಂದ ಮಾಡಿಕೊಂಡವು. ಡೋಕ್ಲಾಮ್ ಬಿಕ್ಕಟ್ಟಿನ 2017ರಲ್ಲಿ ಆ ಅಂಕಿ ಅಂಶಗಳು ಬರಲಿಲ್ಲ. 2018ರಲ್ಲಿ ಮತ್ತೆ ಬಂದವು. ಆ ಒಪ್ಪಂದದ ಅವಧಿ 2023ರಲ್ಲಿ ಮುಗಿಯಿತು. ದಕ್ಷಿಣ ಏಷ್ಯಾದ ದೇಶಗಳು ವಿಪತ್ತಿನಲ್ಲಿ ಶೀಘ್ರವಾಗಿ ಸ್ಪಂದಿಸಲು ಸಾರ್ಕ್ ಸಂಘಟನೆಯ ಮೂಲಕ 2011ರಲ್ಲಿ ಸಹಿ ಹಾಕಿದವು. ಆ ಸಂಘಟನೆಯ ಶೃಂಗಸಭೆಯೇ 2014ರ ನಂತರ ನಡೆದಿಲ್ಲ. ಗಡಿಯಲ್ಲಿ ಸೈನಿಕರು ಎದುರುಬದುರಾದ ವರ್ಷ ಅಸ್ಸಾಮಿನ ರೈತನಿಗೆ ನೆರೆಯ ಸುದ್ದಿ ಏಕೆ ಸಿಗಬಾರದು? ಆ ರೈತನು ಯಾರ ಗಡಿಯನ್ನೂ ದಾಟಿದವನಲ್ಲ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಕೇಡು ಬಗೆಯುವ ನೆರೆಯವನಿಗೂ ಎಚ್ಚರಿಕೆ ನೀಡಬೇಕೇ? ಶರಣ ಪರಂಪರೆಯಲ್ಲಿ ಪ್ರಚಲಿತವಾದ ಒಂದು ಪ್ರಸಂಗ ಇದಕ್ಕೆ ಉತ್ತರ ಹೇಳುತ್ತದೆ. ಬಸವಣ್ಣನವರ ಮಹಾಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಬಳಲುತ್ತವೆಂದು ಕರುಗಳನ್ನೂ ಕಳುಹಿಸಿಕೊಟ್ಟರಂತೆ. ಕಳ್ಳತನವನ್ನು ಅವರು ಒಪ್ಪಿದರೆಂದು ಇದರ ಅರ್ಥವಲ್ಲ. ಕಳಬಾರದೆಂದು ಜಗತ್ತಿಗೆ ಬೋಧಿಸಿದವರೇ ಅವರು. ವ್ಯಾಜ್ಯವಿರುವುದು ಕಳ್ಳನೊಡನೆ, ಕರುವಿನೊಡನೆ ಅಲ್ಲ ಎಂಬ ವಿವೇಕ ಅಲ್ಲಿದೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಭಯೋತ್ಪಾದಕ ಕೃತ್ಯದ ಬಳಿಕ ಭಾರತವು ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿರಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತಾವಿ ನದಿ ಉಕ್ಕಿದಾಗ, ಮಾನವೀಯತೆಯ ನೆಲೆಯಲ್ಲಿ ಇಸ್ಲಾಮಾಬಾದಿನ ಹೈಕಮಿಷನ್ ಮೂಲಕ ಪಾಕಿಸ್ತಾನಕ್ಕೆ ಪ್ರವಾಹದ ಎಚ್ಚರಿಕೆಯನ್ನು ತಲುಪಿಸಿತು. ಅಪರಾಧಿಯ ಬಗೆಗಿನ ಕಾಠಿಣ್ಯವೂ ನದೀತೀರದ ಮಗುವಿನ ಬಗೆಗಿನ ದಯೆಯೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದು ನಿದರ್ಶನ. ಆದರೆ ಅಂತಹ ದಯೆಯು ಆಯಾ ಸಮಯದ ಔದಾರ್ಯವಾಗಿ ಉಳಿದರೆ ಸಾಲದು. ಯುದ್ಧವಿರಲಿ, ಶಾಂತಿಯಿರಲಿ, ಅಪಾಯದ ಸುದ್ದಿಯನ್ನು ಚೌಕಾಸಿಯ ವಸ್ತುವಾಗಿಸಬಾರದು ಎಂಬ ನಿಯಮವು ಈ ಭೂಭಾಗದ ಎಲ್ಲ ದೇಶಗಳಿಗೂ ವ್ರತವಾಗಬೇಕು.

ವಿದೇಶಾಂಗ ನೀತಿ ಭಕ್ತರ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ನಾಲಿಗೆ ಅವರ ಕೈಯಲ್ಲಿದೆ. ಜಗಳದ ದಿನಗಳಲ್ಲಿ ‘ನೀರು ಬಿಟ್ಟು ಮುಳುಗಿಸಲಿ’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಧರ್ಮದ ಬೇರನ್ನು ದಯೆಯಲ್ಲಿ ಕಂಡ ಗುರುವಿನ ಅನುಯಾಯಿಗೆ ಆ ಮಾತು ಸಲ್ಲದು. ಪ್ರಜಾಪ್ರಭುತ್ವದಲ್ಲಿ ಜನರ ಮಾತೇ ಕಾಲಕ್ರಮದಲ್ಲಿ ಸರಕಾರದ ನೀತಿಯಾಗುತ್ತದೆ. ಜನರು ಎಚ್ಚರಿಕೆಯನ್ನು ದಾಸೋಹವೆಂದು ಭಾವಿಸಿದರೆ ಸರಕಾರಗಳೂ ಹಾಗೆ ಭಾವಿಸಲು ಕಲಿಯುತ್ತವೆ. ಹೊಳೆಯ ದಂಡೆಯ ಊರುಗಳಲ್ಲಿ ನೆಲೆಸಿದ ಭಕ್ತರು ಮಳೆಗಾಲಕ್ಕೆ ಮೊದಲೇ ವೃದ್ಧರು, ಬಾಣಂತಿಯರು, ಅಂಗವಿಕಲರು ಯಾವ ಯಾವ ಮನೆಯಲ್ಲಿದ್ದಾರೆಂಬುದನ್ನು ಅರಿತುಕೊಂಡು, ಸುದ್ದಿ ಬಂದ ಕೂಡಲೇ ಅವರ ಬಾಗಿಲನ್ನು ಮೊದಲು ತಟ್ಟುವ ನೇಮವನ್ನು ಕೈಗೊಂಡರೆ ಅದೂ ಶಿವಪೂಜೆಯೇ. ಬಾಗಿಲ ಒಳಗಿರುವವನು ಯಾರವನೆಂದು ಕೇಳದೆ ತಟ್ಟುವ ಕೈಯನ್ನು ಕೂಡಲಸಂಗಮದೇವನು ಮೆಚ್ಚುವನು.