ಭಂಗಾರದ ಕಾಟಾ ತಪ್ಪಿಸಿಕೊಂಡ ಲೇತ್



ನಿಮ್ಮಲ್ಲಿ ಎಷ್ಟೋ ಮಂದಿ ಸೊಲ್ಲಾಪುರ–ಅಕ್ಕಲಕೋಟ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡ್ತೀರಿ. ಎಂಐಡಿಸಿ ಹತ್ತಿರ ಬಂದ ಕೂಡಲೇ ಮಗ್ಗಗಳ ಖಟಖಟ ಸಪ್ಪಳ ಕಿವಿಗೆ ಬೀಳ್ತದೆ. ಇಲ್ಲಿನ ಚಾದರ, ಟವೆಲ್ ಎಲ್ಲಾ ಕಡೆ ಹೆಸರು ಮಾಡಿವೆ. ಆದರೆ ಮಗ್ಗ ಕೆಟ್ಟು ನಿಂತಾಗ ಅದಕ್ಕೆ ಶಾಫ್ಟು, ಬುಶ್, ಪಿನ್ ಮಾಡಿಕೊಡೋ ಸಣ್ಣ ಸಣ್ಣ ವರ್ಕ್‌ಶಾಪುಗಳು ಹಿಂದಿನ ಗಲ್ಲಿಯೊಳಗೆ ಇರ್ತಾವೆ, ಬಸ್ಸಿನ ಕಿಟಕಿಯಿಂದ ಕಾಣೋದಿಲ್ಲ. ಅಂಥ ಒಂದು ಶೆಡ್ಡಿನಿಂದ ನಾನು ಈ ವರ್ಷ ಒಂದು ಹಳೇ ಲೇತ್ ಮಶಿನ್ ಕೊಂಡು ಅಕ್ಕಲಕೋಟಿನ ನಮ್ಮ ಮನೆಗೆ ತಂದೆ. "ಮಾಸ್ತರಗ ಬುದ್ಧಿ ಕೆಟ್ಟದ" ಅಂತ ಓಣಿಯವರು ಅಂದರು. ಮನೆಯವರು ಅಂದದ್ದನ್ನ ಇಲ್ಲಿ ಬರೆಯೋದು ಬೇಡ.

ಸುದ್ದಿ ತಂದವಳು ನಮ್ಮ 9ನೇ ಇಯತ್ತೆಯ ಒಬ್ಬ ಹುಡುಗಿ. ಸನ್ನೆಯ ಪಾಠ ಮುಗಿದಿತ್ತು. "ಸರ್, ನಮ್ಮಪ್ಪ ಹದಿನೆಂಟು ವರ್ಷ ಲೇತ್ ನಡಿಸ್ಯಾನ್ರೀ. ಈಗ ಆ ಶೆಡ್ ಮುಚ್ಚಾಕತ್ತಾರ. ಮಶಿನ್ ಭಂಗಾರಕ್ಕ ಹೋಗತದಂತ" ಅಂದಳು. ಅವರಪ್ಪ ಈಗ ಒಂದು ಗೋದಾಮಿನಲ್ಲಿ ಕಾವಲು ಕೆಲಸ ಮಾಡ್ತಾರೆ. ನಾನು ನೋಡಲಿಕ್ಕೆ ಅಂತ ಹೋದೆ. ಮಾಲಕರು ಬಹಳ ಸಮಾಧಾನದ ಮನುಷ್ಯ. "ಭಂಗಾರದವ ಕಿಲೋಕ್ಕ 35 ರೂಪಾಯಿ ಕೊಡ್ತೀನಿ ಅಂದಾನ್ರೀ. 1,200 ಕಿಲೋ ಹಿಡದರ 42,000 ಆತು. ನೀವು ಏನ್ ಕೊಡ್ತೀರಿ?" ಅಂದರು.

ನನ್ನ ತಕರಾರು ಈ ಕಿಲೋ ಲೆಕ್ಕದ ಮೇಲೆ. ಜೋಳವನ್ನ ಕಿಲೋದಿಂದ ಮಾರಬಹುದು. ಯಂತ್ರವನ್ನ ಹಂಗ ಮಾರೋದು ತಪ್ಪು ಅಂತ ನನ್ನ ಅಭಿಪ್ರಾಯ. ಸವೆದ ಲೇತ್, ಸವೆಯದ ಲೇತ್ ಎರಡೂ ಕಾಟಾ ಮೇಲೆ ಒಂದೇ ತೂಕ ತೋರಿಸ್ತಾವೆ. ಯಂತ್ರದ ಬೆಲೆ ತಿಳಿಯಬೇಕಾದರೆ ಅಳತೆ ಮಾಡಬೇಕು. ಅಳೆಯೋ ವಿದ್ಯೆ ನಿಮ್ಮ ವಿಜ್ಞಾನ, ಗಣಿತದ ಪುಸ್ತಕದಾಗೇ ಅದೆ. ಅದನ್ನ ನಾವು ಪರೀಕ್ಷೆಗೆ ಅಂತ ಓದಿ ಅಲ್ಲೇ ಬಿಟ್ಟುಬಿಡ್ತೀವಿ. ನಾವು ಅನ್ನೋದರಲ್ಲಿ ನಾನೂ ಸೇರಿದೆ, ಅದನ್ನ ಮುಂದೆ ಹೇಳ್ತೀನಿ.

ಲೇತ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕುಂಬಾರನ ತಿಗರಿಯನ್ನ ಅಡ್ಡ ಮಲಗಿಸಿದ ಹಾಗೆ ಅದು. ಕಬ್ಬಿಣದ ತುಂಡು ತಿರುಗತದೆ, ಹರಿತವಾದ ಟೂಲ್ ಅದರ ಮೈ ಕೆರೆಯುತ್ತಾ ಸರಿಯತದೆ. ತುಂಡನ್ನ ಹಿಡಿಯೋದು ಚಕ್. ಚಕ್ ಇರುವ ಎಡಗಡೆಯ ಪೆಟ್ಟಿಗೆ ಹೆಡ್‌ಸ್ಟಾಕ್, ಬಲಗಡೆ ಆಸರೆ ಕೊಡೋದು ಟೇಲ್‌ಸ್ಟಾಕ್. ಇವೆರಡೂ ಕೂತಿರೋ ಉದ್ದನೆಯ ಎರಕದ ಹಳಿ ಬೆಡ್. ಟೂಲ್ ಹೊತ್ತು ಬೆಡ್ ಮೇಲೆ ಓಡಾಡೋದು ಕ್ಯಾರೇಜ್. ಲಕ್ಕುಂಡಿ, ಬೇಲೂರಿನ ಗುಡಿಗಳಲ್ಲಿ ನುಣ್ಣಗೆ ಗುಂಡಗೆ ಹೊಳೆಯೋ ಕಂಬಗಳನ್ನ ನೋಡಿದವರಿಗೆ ಕಲ್ಲನ್ನೂ ಹೀಗೆ ಕಡೆಯಬಹುದು ಅಂತ ಗೊತ್ತಿರತದೆ. ಚನ್ನಪಟ್ಟಣದ ಗೊಂಬೆ ಕಡೆಯೋದೂ ಇದೇ ರೀತಿ.

ಮಶಿನ್ ಮೇಲಿನ ಧೂಳು ಒರೆಸಿದಾಗ ಹಿತ್ತಾಳೆ ಪಟ್ಟಿ ಕಾಣಿಸಿತು: ಮೈಸೂರು ಕಿರ್ಲೋಸ್ಕರ್, ಹರಿಹರ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರ್ 1910ರಲ್ಲಿ, ಈಗ ಸಾಂಗಲಿ ಜಿಲ್ಲೆಯಲ್ಲಿರೋ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿದರು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಎಚ್‌ಎಂಟಿ ಬೆಂಗಳೂರಿನಲ್ಲಿ ಆರಂಭವಾಗಿದ್ದು 1953ರಲ್ಲಿ, ಅಂದರೆ ಅದಕ್ಕಿಂತ ಹನ್ನೆರಡು ವರ್ಷ ಆದ ಮೇಲೆ. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದೆ, ಅದರ ಮಶಿನ್‌ಗಳು ಮಾತ್ರ ಇನ್ನೂ ಗಲ್ಲಿ ಗಲ್ಲಿಯಲ್ಲಿ ತಿರುಗತಾವೆ. ನಮ್ಮ ಗಡಿಯ ಊರಿನ ಮೂಲೆಯಲ್ಲಿ ಹರಿಹರ ಅಂತ ಓದಿದಾಗ ನನಗೆ ಏನೋ ಒಂಥರಾ ಆಯಿತು. ಆದರೆ ಹೆಸರು ನೋಡಿ ದುಡ್ಡು ಕೊಡಬಾರದು, ನೋಡ್ರಿ.

ಮುಂದಿನ ಭಾನುವಾರ ಆ ಹುಡುಗಿಯ ಅಪ್ಪನನ್ನ ಕರಕೊಂಡು ಹೋದೆ. ಅವರು ಮಾಡಿದ ಪರೀಕ್ಷೆಗಳನ್ನ ಯಾವ ಪ್ರಯೋಗಶಾಲೆಯಲ್ಲೂ ನಾನು ನೋಡಿರಲಿಲ್ಲ. ಕ್ಯಾರೇಜನ್ನ ಚಕ್ ಹತ್ತಿರ ತಂದು ಸಡಿಲ ಇರದ ಹಾಗೆ ಬಿಗಿ ಮಾಡಿದರು. ಆಮೇಲೆ ಬಲಗಡೆ ದೂಡಿದರು. ತುದಿಗೆ ಹೋಗೋ ಹೊತ್ತಿಗೆ ಅದು ಸ್ವಲ್ಪ ಬಿಗಿಯಾಯಿತು. ಯಾಕೆ? ಬಹಳಷ್ಟು ಕೆಲಸ ಚಕ್ ಹತ್ತಿರವೇ ನಡೆಯತದೆ, ಹಂಗಾಗಿ ಬೆಡ್ ಅಲ್ಲೇ ಹೆಚ್ಚು ಸವೆಯತದೆ. ಸವೆದ ಕಡೆ ಕೂಡೋ ಹಾಗೆ ಬಿಗಿ ಮಾಡಿದ್ದು ಸವೆಯದ ಕಡೆ ಹಿಡಕೊಳ್ಳತದೆ. ಪೂರ್ತಿ ಸಿಕ್ಕಿಬಿದ್ದಿದ್ದರೆ ಬೆಡ್ ಹೋಯಿತು ಅಂತ ಅರ್ಥ. ಇದು ಸ್ವಲ್ಪವೇ ಬಿಗಿಯಾಯಿತು. "ನಡೀತದ್ರಿ" ಅಂದರು.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನ ಬೇರಿಂಗ್ ಇರೋ ಜಾಗಕ್ಕೆ ಒತ್ತಿ ಹಿಡಿಕೆಯನ್ನ ಕಿವಿಗೆ ಇಟ್ಟುಕೊಂಡರು. ಗಟ್ಟಿ ವಸ್ತುವಿನಲ್ಲಿ ಧ್ವನಿ ಗಾಳಿಗಿಂತ ಚೆನ್ನಾಗಿ ಹರಿಯತದೆ ಅಂತ ನಾವು ಓದಿದ್ದು ಇದೇ. ನನಗೂ ಕೇಳಿಸಿದರು. ನನಗೆ ಬರೀ ಗುಂಯ್ ಅಂತಷ್ಟೇ ಕೇಳಿಸಿತು. ಅವರಿಗೆ ಬೇರಿಂಗ್ ಚಲೋ ಇರೋದು ಕೇಳಿಸಿತು. ನಾನು ಪೇಟೆಯಿಂದ ಎರವಲು ತಂದಿದ್ದ ಡಯಲ್ ಗೇಜ್ ಹಚ್ಚಿದೆ. ಅದರ ಲಘುತಮ ಅಳತೆ 0.01 ಮಿಮೀ. ಸ್ಪಿಂಡಲ್ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಎರಡು ಗೆರೆ ಅಲುಗಾಡಿತು, ಅಂದರೆ 0.02 ಮಿಮೀ. ಅವರ ಕಿವಿ ಹೇಳಿದ್ದನ್ನೇ ಮುಳ್ಳೂ ಹೇಳಿತು.

ದೋಷವೂ ಇತ್ತು. ಅಡ್ಡ ಸ್ಲೈಡಿನ ಹಿಡಿಕೆ ಕಾಲು ಸುತ್ತು ತಿರುಗಿದರೂ ಟೂಲ್ ಜಾಗ ಬಿಡಲಿಲ್ಲ. ಸ್ಕ್ರೂ ಮತ್ತು ನಟ್ ನಡುವೆ ಸವೆತ ಬಂದರೆ ಹಿಂಗ ಆಗತದೆ. ನಟ್ ಬದಲಿಸಿದರೆ ಸರಿಹೋಗತದೆ. ಅದೇ ಶೆಡ್ಡಿನಲ್ಲಿ ಇನ್ನೊಂದು ಲೇತ್ ಇತ್ತು, ಬಣ್ಣ ಹೊಸದು, ನೋಡಲಿಕ್ಕೆ ಭಾಳ ಚೆಂದ. ಅದರ ಬೆಡ್‌ಗೆ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿದ್ದರು. ಅದು ಭಂಗಾರಕ್ಕೆ ಹೋಯಿತು, ಹೋಗಬೇಕಾದದ್ದೇ. ಹಳೇದೆಲ್ಲಾ ಬಂಗಾರ ಅಂತ ನಾನು ಹೇಳ್ತಾ ಇಲ್ಲ. ನಾನು ಹರಿಹರದ ಮಶಿನ್‌ಗೆ 55,000 ಕೊಟ್ಟೆ.

ಈಗ ಸಾಗಿಸೋ ಕಥೆ. ನಾನು ಮೊದಲು ಛೋಟಾ ಹಾತಿ ಸಾಕು ಅಂದುಕೊಂಡಿದ್ದೆ. ಅದು ಹೊರೋದೇ ಮುಕ್ಕಾಲು ಟನ್ನಿನ ಆಸುಪಾಸು. ಮುಕಾದಮರು ನಕ್ಕು 407 ಟೆಂಪೋ ತರಿಸಿದರು. ಶೆಡ್ಡಿನಲ್ಲಿ ಹೈಡ್ರಾ ಕ್ರೇನ್ ಇದ್ದದ್ದರಿಂದ ಏರಿಸೋದು ಹತ್ತು ನಿಮಿಷದ ಕೆಲಸ. ಒಂದೇ ಒಂದು ಎಚ್ಚರಿಕೆ: ಬೆಲ್ಟನ್ನ ಬೆಡ್‌ಗೆ ಸುತ್ತಬೇಕು, ಮುಂದೆ ಕಾಣೋ ಉದ್ದನೆಯ ಲೀಡ್ ಸ್ಕ್ರೂ ಮೇಲೆ ಭಾರ ಬೀಳಬಾರದು. ಬಿದ್ದರೆ ಅದು ಬಾಗತದೆ, ಬಾಗಿದರೆ ಮಶಿನ್ ಕೆಟ್ಟಂತೆ. ಹೆಡ್‌ಸ್ಟಾಕ್ ಕಡೆ ತೂಕ ಹೆಚ್ಚು. ಅದಕ್ಕೆ ಕ್ಯಾರೇಜ್, ಟೇಲ್‌ಸ್ಟಾಕ್ ಎರಡನ್ನೂ ಬಲ ತುದಿಗೆ ಸರಿಸಿ ಬಿಗಿ ಮಾಡಿದರು. ಗುರುತ್ವ ಕೇಂದ್ರ ಅಷ್ಟು ಈಚೆ ಬಂತು, ಮಶಿನ್ ಸಮನಾಗಿ ತೂಗಿತು. ದಾರಿಯಲ್ಲಿ ಕಾಟಾಕ್ಕೆ ಹಾಕಿದಾಗ ಖಾಲಿ ಟೆಂಪೋ, ತುಂಬಿದ ಟೆಂಪೋ ನಡುವಿನ ಫರಕು 1,180 ಕಿಲೋ. ಕುಂಭಾರಿ, ವಳಸಂಗ ದಾಟೋತನಕ ಪ್ರತಿ ಸ್ಪೀಡ್‌ ಬ್ರೇಕರಿಗೂ ನನ್ನ ಎದೆ ಹಾರುತ್ತಿತ್ತು. ಜಡತ್ವ ಅಂದರೇನು ಅಂತ ಆವತ್ತು ತಿಳಿಯಿತು.

ನಮ್ಮ ಓಣಿಯೊಳಗೆ ಕ್ರೇನ್ ಬರೋದಿಲ್ಲ. ಟೆಂಪೋದ ತಳ ನೆಲದಿಂದ 3 ಅಡಿ ಎತ್ತರ. 12 ಅಡಿ ಉದ್ದದ ಎರಡು ದಪ್ಪ ತೊಲೆ ಹಚ್ಚಿ ಇಳಿಜಾರು ಮಾಡಿದೆವು. ಎತ್ತರಕ್ಕೂ ಉದ್ದಕ್ಕೂ 1:4 ಪ್ರಮಾಣ. ಹಂಗಾದರೆ ಮಶಿನ್ ಕೆಳಗೆ ಜಾರಲಿಕ್ಕೆ ಎಳೆಯೋ ಬಲ ತೂಕದ ಕಾಲು ಭಾಗ, ಸುಮಾರು 300 ಕಿಲೋ ಭಾರದಷ್ಟು. ಘರ್ಷಣೆ ಅದರಲ್ಲಿ ಸ್ವಲ್ಪ ಕಡಿಮೆ ಮಾಡತದೆ. ಉಳಿದದ್ದನ್ನ ಟೆಂಪೋಕ್ಕೆ ಕಟ್ಟಿದ ಚೈನ್ ಬ್ಲಾಕ್ ಹಿಡಿದಿತ್ತು. ಕೊಂಡಿ ಕೊಂಡಿ ಬಿಡುತ್ತಾ ಇಳಿಸಿದೆವು. ಇದು ಸುಸೂತ್ರ ಆಯಿತು.

ಆಮೇಲೆ ನೆಲದ ಮೇಲೆ ಪೈಪು ಹಾಕಿ ಉರುಳಿಸೋ ಕೆಲಸ. 5 ಅಡಿಯ ಹಾರಿ, ನಮ್ಮಲ್ಲಿ ಪಹಾರ ಅಂತಾರಲ್ಲ ಅದು. ತುದಿಯಿಂದ 10 ಸೆಂಮೀ ದೂರದಲ್ಲಿ ಮರದ ತುಂಡು ಇಟ್ಟು ಒತ್ತಿದರೆ ಬಲದ ಭುಜ 140, ಭಾರದ ಭುಜ 10, ಅಂದರೆ 14 ಪಟ್ಟು. ಹೆಡ್‌ಸ್ಟಾಕ್ ತುದಿಯಲ್ಲಿ 700 ಕಿಲೋ ಅಂತ ಹಿಡಿದರೂ 50 ಕಿಲೋ ಒತ್ತಿದರೆ ಸಾಕು, ಎದ್ದು ಬರತದೆ. ಪೈಪಿನದು ಇನ್ನೊಂದು ಮಜಾ: ಮಶಿನ್ 2 ಅಡಿ ಮುಂದೆ ಹೋದರೆ ಪೈಪು 1 ಅಡಿ ಮಾತ್ರ ಹೋಗತದೆ. ಅದಕ್ಕೇ ಹಿಂದೆ ಉಳಿದ ಪೈಪನ್ನ ಎತ್ತಿ ಎತ್ತಿ ಮುಂದೆ ಹಾಕಬೇಕಾಗತದೆ. ಯಾಕೆ ಅರ್ಧ ಅಂತ ನೀವೇ ಪೆನ್ಸಿಲ್ ಮೇಲೆ ಪಟ್ಟಿ ಇಟ್ಟು ನೋಡ್ರಿ.

ಹೊಸ್ತಿಲ ಹತ್ತಿರ ಶಹಾಬಾದ ಫರ್ಸಿ ಇತ್ತು. ಅದರ ಕೆಳಗೆ ಪೊಳ್ಳು ಇದ್ದದ್ದು ನನಗೆ ಗೊತ್ತಿರಲಿಲ್ಲ. ಪೈಪು ಬಂದ ಕೂಡಲೇ ಫರ್ಸಿ ಠಪ್ ಅಂತ ಒಡೆದು ಮಶಿನ್ ಮುಂಬದಿಗೆ ವಾಲಿತು. ಸಹಾಯಕ್ಕೆ ಬಂದಿದ್ದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಅದನ್ನ ಹಿಡಿಯಲಿಕ್ಕೆ ಎರಡೂ ಕೈ ಚಾಚಿದ. "ಬಿಡೋ! ಕೈ ತಗಿ, ಹಿಂದ ಸರಿ!" ಅಂತ ಮುಕಾದಮರು ಚೀರಿದರು. ಹುಡುಗ ಸರಿದ. ಮಶಿನ್ ಬೀಳಲಿಲ್ಲ, ವಾಲಿದಲ್ಲೇ ನಿಂತಿತು. ಬಿದ್ದಿದ್ದರೆ, ಆ ಹುಡುಗ ಅಲ್ಲೇ ನಿಂತಿದ್ದರೆ, ಈ ಲೇಖನ ನಾನು ಬರೆಯುತ್ತಿರಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ಮಶಿನ್ ಪಾದದ ಅಗಲ 45 ಸೆಂಮೀ. ಗುರುತ್ವ ಕೇಂದ್ರದ ಎತ್ತರ ಸುಮಾರು 70 ಸೆಂಮೀ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬ ರೇಖೆ ಪಾದದ ಅಂಚು ದಾಟಿದರೆ ವಸ್ತು ಉರುಳತದೆ. ಟ್ಯಾನ್ ಬೆಲೆ 22.5 ಭಾಗಿಸು 70, ಕೋನ ಸುಮಾರು 18 ಡಿಗ್ರಿ. ಪಾದಕ್ಕೆ ಅಡ್ಡಲಾಗಿ 90 ಸೆಂಮೀ ಉದ್ದ, 10 ಸೆಂಮೀ ದಪ್ಪದ ಎರಡು ಮರದ ತೊಲೆಗಳನ್ನ ಬೋಲ್ಟ್ ಹಾಕಿ ಬಿಗಿದಿದ್ದರೆ? ಆಗ 45 ಭಾಗಿಸು 80, ಕೋನ 29 ಡಿಗ್ರಿ. ಎರಡು ತೊಲೆ, ನಾಲ್ಕು ಬೋಲ್ಟು, ಅರ್ಧ ತಾಸಿನ ಕೆಲಸ. ಮುಕಾದಮರು ಬೆಳಿಗ್ಗೆಯೇ "ಕೆಳಗ ಅಡ್ಡ ಮರ ಹಾಕೋಣೇನ್ರಿ?" ಅಂತ ಕೇಳಿದ್ದರು. ಹೊತ್ತಾಗತದೆ ಅಂತ ಬೇಡ ಅಂದವನು ನಾನು. ಸ್ಥಿರ ಸಮತೋಲನದ ಪಾಠವನ್ನ ವರ್ಷ ವರ್ಷ ಹೇಳುತ್ತಾ ಬಂದವನೂ ನಾನೇ. ಪಾಠ ನನ್ನ ಬಾಯಲ್ಲಿತ್ತು, ಮುಕಾದಮರ ಕೈಯಲ್ಲಿತ್ತು.

ನಿಮಗೆ ಹೇಳಬೇಕಾದದ್ದು ಇಷ್ಟೇ. ಭಾರವಾದದ್ದು ವಾಲಿದಾಗ ಎಂದೂ ಕೈ ಕೊಡಬೇಡಿ, ಓಡಿರಿ. ಮಶಿನ್ ಹೋದರೆ ದುಡ್ಡು ಹೋಯಿತು, ಅಷ್ಟೇ.

ಕೆಲವು ಶಿಕ್ಷಕ ಮಿತ್ರರು ಕೇಳ್ತಾರೆ, ಈಗ ಎಲ್ಲಾ ಸಿಎನ್‌ಸಿ ಬಂದದೆ, ಕಂಪ್ಯೂಟರೇ ಟೂಲ್ ನಡೆಸತದೆ, ಮುದಿ ಲೇತ್ ಯಾಕೆ ಬೇಕು ಅಂತ. ಮಾತು ಖರೆ. ಕಾರ್ಖಾನೆಗೆ ಸಿಎನ್‌ಸಿಯೇ ಸರಿ. ಆದರೆ ಅದರ ಬಾಗಿಲು ಮುಚ್ಚಿರತದೆ, ಒಳಗೆ ಏನು ಯಾಕೆ ನಡೀತು ಅಂತ ಹೊಸಬರಿಗೆ ತಿಳಿಯೋದಿಲ್ಲ. ಹಳೇ ಲೇತಿನಲ್ಲಿ ಎಲ್ಲಾ ಬಯಲು. ನಮ್ಮ ಮಶಿನ್‌ನ ಲೀಡ್ ಸ್ಕ್ರೂ ಒಂದು ಸುತ್ತಿಗೆ ಕ್ಯಾರೇಜನ್ನ 6 ಮಿಮೀ ಸರಿಸತದೆ. 1.5 ಮಿಮೀ ಅಂತರದ ಆಟೆ ಕೊರೆಯಬೇಕಾದರೆ ಚಕ್ 4 ಸುತ್ತು ತಿರುಗೋದರಲ್ಲಿ ಸ್ಕ್ರೂ 1 ಸುತ್ತು ತಿರುಗಬೇಕು. ಎಷ್ಟು ಹಲ್ಲಿನ ಗಾಲಿಗೆ ಎಷ್ಟು ಹಲ್ಲಿನ ಗಾಲಿ ಜೋಡಿಸಬೇಕು? ಪ್ರಮಾಣದ ಲೆಕ್ಕ ಬಾರದ ಹುಡುಗರು ಗಾಲಿ ಮುಂದೆ ಕೂತಾಗ ಬಿಡಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಎಂಐಡಿಸಿಯ ಶೆಡ್ಡುಗಳಿಂದ ಮಶಿನ್‌ಗಳು ಭಂಗಾರಕ್ಕೆ ಹೋಗೋ ಮೊದಲು ನಮ್ಮ ಶಾಲೆಗಳವರು ಒಂದು ಸಲ ಡಯಲ್ ಗೇಜ್ ತಗೊಂಡು ಹೋಗಿ ನೋಡಬೇಕು ಅಂತ ಸಂಘದವರನ್ನ ನಾನು ಕೇಳಿಕೊಳ್ತೇನೆ. ನಿಲ್ಲಿಸಿ ಇಟ್ಟ ಮಶಿನ್‌ನಿಂದಲೂ ಕಲಿಯೋದು ಬಹಳ ಅದೆ. ನಡೆಸೋದನ್ನ ಮಾತ್ರ 10ನೇ ಆದ ಮೇಲೆ ಐಟಿಐದಲ್ಲಿ ಟರ್ನರ್ ತರಬೇತಿಗೆ ಸೇರಿ ಎರಡು ವರ್ಷ ಕಲಿಯಿರಿ.

ಸದ್ಯಕ್ಕೆ ಲೇತ್ ನಮ್ಮ ಹಿತ್ತಲ ಕೋಣೆಯಲ್ಲಿ ನಿಂತಿದೆ. ಮೂರು ಫೇಜ್ ವಿದ್ಯುತ್ತಿಗೆ ಅರ್ಜಿ ಹಾಕಿದ್ದೇನೆ. ಅಲ್ಲಿತನಕ ಚಕ್ಕನ್ನ ಕೈಲೇ ತಿರುಗಿಸಿ ಗಾಲಿಯ ಹಲ್ಲು ಎಣಿಸ್ತಾ ಇದ್ದೇವೆ. ಬೆಡ್ ತಿರುಚಿಕೊಳ್ಳದ ಹಾಗೆ ಪಾದದ ಕೆಳಗೆ ತಗಡಿನ ಚೂರು ಇಟ್ಟು ಮಟ್ಟ ಮಾಡೋ ಕೆಲಸ ನಡೆದಿದೆ. ಅದಕ್ಕೆ ಬೇಕಾದ ಮಟ್ಟಗೋಲು ಒಂದು ಮೀಟರಿಗೆ 0.02 ಮಿಮೀ ಏರಿದರೂ ತೋರಿಸತದೆ, ಗೌಂಡಿಯ ಮಟ್ಟಗೋಲು ನಡೆಯೋದಿಲ್ಲ. ಹುಡುಗಿಯ ಅಪ್ಪ ಕಾವಲಿನ ರಜೆ ಇದ್ದಾಗ ಬರ್ತಾರೆ. ಮೊದಲ ದಿನ ಬಂದವರು ಏನೂ ಮಾತಾಡದೆ ಚಿಂದಿ ಬಟ್ಟೆಗೆ ಎಣ್ಣೆ ಹಚ್ಚಿಕೊಂಡು ಬೆಡ್ ಒರೆಸಲಿಕ್ಕೆ ಶುರು ಮಾಡಿದರು.

ನೋಡಬೇಕು ಅನ್ನೋರು ಭಾನುವಾರ ಬರ್ರಿ. ಹಳೇ ಅಂಗಿ ಹಾಕ್ಕೊಂಡು, ತೋಳು ಮಡಚಿ, ಓಢಣಿ ತೆಗೆದಿಟ್ಟು, ಬೂಟು ಹಾಕ್ಕೊಂಡು ಬರಬೇಕು. ವಹಿ, ಪೆನ್ಸಿಲ್ ತರೋದು ಮರೀಬೇಡಿ. 127 ಹಲ್ಲಿನ ಒಂದು ಗಾಲಿ ಅದೆ, ಅಷ್ಟೇ ಹಲ್ಲು ಯಾಕೆ ಅಂತ ಯಾರಿಗೂ ಇನ್ನೂ ಉತ್ತರ ಹೊಳೆದಿಲ್ಲ. ಒಂದು ಇಂಚು ಅಂದರೆ 25.4 ಮಿಮೀ ಅನ್ನೋದನ್ನ ಇಟ್ಟುಕೊಂಡು ಯೋಚಿಸಿ ಬರ್ರಿ.