‘ಈಗ ಬೇಡ’ ಮತ್ತು ‘ಬೇಡ’: ಕಂಪ್ಯೂಟರ್ ಮುಂದೆ ನಮ್ಮ ಆಯ್ಕೆ

ಬೋಧನಾಭ್ಯಾಸದ ಮೂರನೆಯ ವಾರ. ಹನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ. ಅಭಿಸರಣೆಯನ್ನು ತೋರಿಸುವ ಒಂದು ಚಿಕ್ಕ ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಹೋಗಿದ್ದೆ. ಪಾಠಯೋಜನೆಯಲ್ಲಿ ಅದಕ್ಕೆ ಆರು ನಿಮಿಷ ಮೀಸಲಿಟ್ಟಿದ್ದೆ. ಕಂಪ್ಯೂಟರ್ ಆನ್ ಮಾಡಿದಾಗ ಅಪ್‌ಡೇಟ್ ನಡೆಯುತ್ತಿದೆ, ಯಂತ್ರವನ್ನು ಆಫ್ ಮಾಡಬೇಡಿ ಎಂಬ ಸೂಚನೆ ಬಂತು. ಶೇಕಡಾ ಲೆಕ್ಕ ಆಮೆಯಂತೆ ಸಾಗಿತು. ನಲವತ್ತು ನಿಮಿಷದ ಅವಧಿಯಲ್ಲಿ ಹದಿನೈದು ನಿಮಿಷ ಹೀಗೇ ಹೋಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: “ಮಿಸ್, ಬ್ಯಾಡ ಅಂತ ಒತ್ತಕ್ಕೆ ಜಾಗನೇ ಇಲ್ವಾ?”

ಮಕ್ಕಳು ನಕ್ಕರು, ನಾನೂ ನಕ್ಕೆ. ಆಮೇಲೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಪಾಠ ಮುಗಿಸಿದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಹಾಳೆಯಲ್ಲಿ ‘ತಂತ್ರಜ್ಞಾನದ ಬಳಕೆಯಲ್ಲಿ ಪೂರ್ವಸಿದ್ಧತೆ ಸಾಲದು’ ಎಂದು ಬರೆದರು. ಅದು ನ್ಯಾಯವಾದ ಮಾತು. ನಾನು ಅರ್ಧ ಗಂಟೆ ಮೊದಲೇ ಹೋಗಿ ಯಂತ್ರವನ್ನು ನೋಡಬೇಕಿತ್ತು. ಒಂದು ದಿನದ ತೊಂದರೆಗೆ ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಆ ಹುಡುಗನ ಪ್ರಶ್ನೆ ಪೂರ್ವಸಿದ್ಧತೆಯ ಬಗ್ಗೆ ಆಗಿರಲಿಲ್ಲ. ಅದಕ್ಕೆ ಉತ್ತರ ಹುಡುಕಲು ಹೋದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮಗೆಲ್ಲ ಪರಿಚಯವಿರುವ ವಿಂಡೋಸ್‌ನ ಚರಿತ್ರೆಯನ್ನೇ ನೋಡೋಣ. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಅಪ್‌ಡೇಟ್‌ಗೆ ನಾಲ್ಕು ಆಯ್ಕೆಗಳಿದ್ದವು: ತಾನಾಗಿಯೇ ಹಾಕಿಕೊಳ್ಳಲಿ; ಇಳಿಸಿಕೊಳ್ಳಲಿ, ಹಾಕುವುದನ್ನು ನಾನು ತೀರ್ಮಾನಿಸುತ್ತೇನೆ; ಬಂದಿದೆ ಎಂದು ತಿಳಿಸಲಿ, ಉಳಿದದ್ದು ನನಗೆ ಬಿಟ್ಟದ್ದು; ಏನೂ ಬೇಡ. ನಾಲ್ಕನೆಯದು ಅಪಾಯಕರ ಎಂದು ಅಲ್ಲೇ ಎಚ್ಚರಿಕೆ ಇತ್ತು, ಆದರೂ ಆಯ್ಕೆ ಇತ್ತು. 2015ರ ಜುಲೈ 29ರಂದು ವಿಂಡೋಸ್ 10 ಬಂದಾಗ ಮನೆಬಳಕೆಯ ಆವೃತ್ತಿಯಲ್ಲಿ ಈ ಪಟ್ಟಿಯೇ ಮಾಯವಾಯಿತು. ಕೆಲವು ದಿನಗಳ ಮಟ್ಟಿಗೆ ಅಪ್‌ಡೇಟ್ ತಡೆಹಿಡಿಯುವ ಸೌಲಭ್ಯ ಆ ಆವೃತ್ತಿಗೆ ಸಿಕ್ಕಿದ್ದು 2019ರಲ್ಲಿ. ಅಂದರೆ ‘ಈಗ ಬೇಡ’ ಎನ್ನಬಹುದು, ‘ಬೇಡ’ ಎನ್ನುವಂತಿಲ್ಲ.

2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳೆಯ ವಿಂಡೋಸ್ ಇದ್ದವರಿಗೆ ಹೊಸದಕ್ಕೆ ಬದಲಾಗಿ ಎಂಬ ಕಿಟಕಿ ಮತ್ತೆ ಮತ್ತೆ ತೆರೆಯುತ್ತಿತ್ತು. ಮೂಲೆಯಲ್ಲಿದ್ದ ಗುಣಾಕಾರದ ಚಿಹ್ನೆಯನ್ನು ಒತ್ತಿದರೆ ಕಿಟಕಿ ಮುಚ್ಚುತ್ತದೆ, ಅಂದರೆ ನಿರಾಕರಣೆ, ಎಂದು ನಾವೆಲ್ಲ ಕಲಿತಿದ್ದೇವೆ. ಆ ವರ್ಷದ ಮೇ ತಿಂಗಳಲ್ಲಿ ಆ ಚಿಹ್ನೆ ಒತ್ತಿದವರ ಯಂತ್ರದಲ್ಲೂ ಬದಲಾವಣೆ ನಿಗದಿಯಾಗಿಯೇ ಉಳಿಯಿತು. ಕ್ಯಾಲಿಫೋರ್ನಿಯಾದ ಒಬ್ಬ ಮಹಿಳೆ ನ್ಯಾಯಾಲಯಕ್ಕೆ ಹೋಗಿ 10,000 ಡಾಲರ್ ಪರಿಹಾರ ಪಡೆದರು. ತಾವು ಎಲ್ಲೆ ಮೀರಿದೆವು ಎಂದು ಕಂಪನಿಯ ಹಿರಿಯ ಅಧಿಕಾರಿಯೇ ಅದೇ ವರ್ಷದ ಕೊನೆಯಲ್ಲಿ ಒಪ್ಪಿಕೊಂಡರು.

2021ರ ವಿಂಡೋಸ್ 11ರಲ್ಲಿ ಪ್ರಶ್ನೆ ಅಪ್‌ಡೇಟ್ ದಾಟಿ ಯಂತ್ರ ಯಾರದು ಎನ್ನುವಲ್ಲಿಗೆ ಬಂದಿದೆ. ಅದರ ಮನೆಬಳಕೆಯ ಆವೃತ್ತಿಯನ್ನು ಮೊದಲ ಬಾರಿ ಸಿದ್ಧಪಡಿಸಲು ಇಂಟರ್ನೆಟ್ ಬೇಕು, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಮಹದೇಶ್ವರ ಬೆಟ್ಟದ ದಾರಿಯ ಹಳ್ಳಿಗಳಲ್ಲಿ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಹಾಡಿಗಳ ಬಳಿ ಫೋನಿನ ಸಿಗ್ನಲ್ ಹುಡುಕುತ್ತಾ ನಿಲ್ಲುವವರಿಗೆ ಇದರ ಕಷ್ಟ ಗೊತ್ತು. ಖಾತೆಯ ತೊಡಕು ಇನ್ನೂ ದೊಡ್ಡದು. ಶಾಲೆಯ ಕಂಪ್ಯೂಟರನ್ನು ಯಾರ ಹೆಸರಿನ ಖಾತೆಯಲ್ಲಿ ತೆರೆಯುವುದು? ಸಾಮಾನ್ಯವಾಗಿ ಆಗ ಅಲ್ಲಿರುವ ಶಿಕ್ಷಕರೊಬ್ಬರ ಇಮೇಲ್ ಮತ್ತು ಫೋನ್ ಸಂಖ್ಯೆಗೆ ಅದು ಅಂಟಿಕೊಳ್ಳುತ್ತದೆ. ಅವರಿಗೆ ವರ್ಗಾವಣೆಯಾದರೆ ಕೀಲಿಕೈ ಅವರ ಜೊತೆಗೇ ಹೋಗುತ್ತದೆ. ಮಕ್ಕಳ ಯೋಜನಾಕಾರ್ಯ, ಅಂಕಪಟ್ಟಿ ಎಲ್ಲವೂ ಒಬ್ಬರ ಖಾಸಗಿ ಖಾತೆಯ ನೆರಳಿನಲ್ಲಿ ಉಳಿಯುತ್ತವೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಬೇಕು. 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಈ ಪಟ್ಟಿಯಿಂದ ಹೊರಗೆ. ಮನೆಬಳಕೆಯ ಯಂತ್ರಗಳಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಬೇಕಾದರೆ ನಮ್ಮಲ್ಲಿ ಹಣ ಕೊಡಬೇಕು, ಇಲ್ಲವೇ ನಮ್ಮ ಸೆಟ್ಟಿಂಗ್‌ಗಳನ್ನು ಕಂಪನಿಯ ಖಾತೆಗೆ ಬ್ಯಾಕಪ್ ಮಾಡುವಂಥ ಷರತ್ತಿಗೆ ಒಪ್ಪಬೇಕು. ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದಿದ್ದರಿಂದ ಯುರೋಪಿನವರಿಗೆ ಆ ಷರತ್ತು ಸಡಿಲವಾಯಿತು. ಎಡ್ಜ್ ಬ್ರೌಸರನ್ನು ತೆಗೆದುಹಾಕುವ ಅವಕಾಶವೂ ಅಲ್ಲಿನ ಕಾನೂನಿನಿಂದಾಗಿ 2024ರಿಂದ ಅವರಿಗಿದೆ. ಕೇಳಿದವರಿಗೆ ಆಯ್ಕೆ ಸಿಕ್ಕಿದೆ. ಹಾಗಾಗಿ ಇದು ತಂತ್ರಜ್ಞಾನದ ಅನಿವಾರ್ಯತೆ ಎನ್ನುವ ಮಾತು ಪೂರ್ತಿ ನಿಜವಲ್ಲ.

ಇದಕ್ಕೆ ಎದುರು ವಾದವಿದೆ, ಅದು ಹಗುರವಾದದ್ದಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳನ್ನು ಹಿಡಿದಿಟ್ಟು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಅದಕ್ಕೆ ಸಿಲುಕಿದವು. ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಹಿಂದೆಯೇ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಒಬ್ಬರ ಅಸಡ್ಡೆ ಊರಿಗೆಲ್ಲ ಹರಡುವಾಗ ಕಂಪನಿ ಒತ್ತಾಯಿಸಿದರೆ ತಪ್ಪೇನು ಎಂದು ಕೇಳಬಹುದು. ಲಸಿಕೆಯ ಪಾಠ ಮಾಡುವ ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಇದನ್ನು ಒಪ್ಪುತ್ತೇನೆ. ಭದ್ರತಾ ಅಪ್‌ಡೇಟ್ ಹಾಕಿಕೊಳ್ಳಲೇಬೇಕು. ಆದರೆ ಲಸಿಕೆ ಹಾಕುವ ನೆಪದಲ್ಲಿ ಮನೆಯ ಕೀಲಿಕೈಯನ್ನೂ ಕೇಳಿದರೆ ಒಪ್ಪುವುದು ಹೇಗೆ? ಸ್ಟಾರ್ಟ್ ಮೆನುವಿನಲ್ಲಿ ಬರುವ ಜಾಹೀರಾತಿಗೂ, ಬೇಡದ ಬ್ರೌಸರಿಗೂ, ಕಡ್ಡಾಯ ಖಾತೆಗೂ ಭದ್ರತೆಯ ಹೆಸರು ಹೊಂದುವುದಿಲ್ಲ. ಇವೆರಡನ್ನು ಬೇರೆ ಬೇರೆ ಇಟ್ಟು ಕೇಳುವುದೇ ಗೌರವ.

ನಮ್ಮ ದೇಶದಲ್ಲೂ ಇದಕ್ಕೆ ಮಾತು ಸಿಕ್ಕಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಎಂಬ ವಂಚಕ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಹೆಸರಿಸಿದೆ. ಬಳಕೆದಾರರನ್ನು ಮತ್ತೆ ಮತ್ತೆ ಪೀಡಿಸುವುದು, ಬೇಡದ ಕೆಲಸವನ್ನು ಬಲವಂತವಾಗಿ ಮಾಡಿಸುವುದು ಎರಡೂ ಅದರಲ್ಲಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆ ಮುಕ್ತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ.

ಇದೆಲ್ಲ ಬೋಧನಾಭ್ಯಾಸದ ಪತ್ರಿಕೆಯಲ್ಲಿ ಏಕೆ? ಕಂಪ್ಯೂಟರ್ ತರಗತಿಯಲ್ಲಿ ನಾವು ಮಕ್ಕಳಿಗೆ ನಿಜವಾಗಿ ಕಲಿಸುತ್ತಿರುವುದು ಏನು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ‘ನೆಕ್ಸ್ಟ್ ಒತ್ತು, ನೆಕ್ಸ್ಟ್ ಒತ್ತು, ಐ ಅಗ್ರೀ ಒತ್ತು.’ ಓದದೆ ಒಪ್ಪುವುದನ್ನು ನಾವೇ ಅಭ್ಯಾಸ ಮಾಡಿಸುತ್ತಿದ್ದೇವೆ. ಅದೇ ಮಗು ಮುಂದೆ ಸಾಲದ ಆ್ಯಪಿಗೂ ಹಾಗೆಯೇ ಒಪ್ಪುತ್ತದೆ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಆ ದಿನದ ಪಾಠದ ಕೊನೆಯಲ್ಲಿ ನಾನು “ಎಲ್ಲರಿಗೂ ಅರ್ಥವಾಯಿತಾ?” ಎಂದು ಕೇಳಿದೆ. “ಹೂಂ ಮಿಸ್” ಎಂದು ಇಡೀ ತರಗತಿ ಒಟ್ಟಿಗೆ ಹೇಳಿತು. ಮರುದಿನ ಒಣದ್ರಾಕ್ಷಿ ನೀರಿನಲ್ಲಿ ಏಕೆ ಉಬ್ಬುತ್ತದೆ ಎಂದು ಕೇಳಿದಾಗ ನಾಲ್ಕೇ ಕೈಗಳು ಮೇಲೆದ್ದವು. ನನ್ನ ಪ್ರಶ್ನೆಯಲ್ಲೂ ‘ಇಲ್ಲ’ ಎನ್ನಲು ಜಾಗವಿರಲಿಲ್ಲ. ಪ್ರಶ್ನಿಸುವ ಕೌಶಲವನ್ನು ಅಣುಬೋಧನೆಯಲ್ಲಿ ಅಭ್ಯಾಸ ಮಾಡಿ ಬಂದ ನಾನೇ ಹೀಗೆ ಮಾಡಿದ್ದೆ. ಯಂತ್ರವನ್ನು ದೂರುವ ಮೊದಲು ನಮ್ಮ ತರಗತಿಯ ‘ಹೂಂ’ ಎಷ್ಟು ಮುಕ್ತವಾದದ್ದು ಎಂದು ನೋಡಿಕೊಳ್ಳಬೇಕಾಗಿದೆ.

ನನ್ನ ಸಲಹೆಗಳು ಮೂರು. ಒಂದು, ಐಸಿಟಿ ಪತ್ರಿಕೆಯ ಪ್ರಾಯೋಗಿಕ ಕೆಲಸದಲ್ಲಿ ಒಂದು ಅವಧಿಯನ್ನು ಸೆಟ್ಟಿಂಗ್‌ಗಳನ್ನು ಓದಲು ಮೀಸಲಿಡೋಣ. ತೆರೆಯ ಮೇಲೆ ಬರುವ ಒಂದು ಸಂದೇಶವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಇದು ಏನು ಕೇಳುತ್ತಿದೆ, ಒಪ್ಪದಿದ್ದರೆ ಏನಾಗುತ್ತದೆ, ‘ಬೇಡ’ ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸಬಹುದು. ಇದಕ್ಕೆ ಇಂಟರ್ನೆಟ್ ಬೇಡ, ಕಪ್ಪುಹಲಗೆ ಸಾಕು.

ಎರಡು, ಬೆಂಬಲ ನಿಂತ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಒಂದರಲ್ಲಾದರೂ ಲಿನಕ್ಸ್ ಹಾಕಿ ನೋಡೋಣ. ಇದು ಹೊಸ ಸಾಹಸವೇನಲ್ಲ. ನಮ್ಮ ರಾಜ್ಯದಲ್ಲೇ ಡಿಎಸ್‌ಇಆರ್‌ಟಿಯ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಮತ್ತು ಜಿಯೋಜೀಬ್ರಾ ಕಲಿತಿದ್ದಾರೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಯೋಜನೆಯಡಿ ಶಾಲೆಯಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುತ್ತಾರೆ. 2012ರ ರಾಷ್ಟ್ರೀಯ ಶಾಲಾ ಐಸಿಟಿ ನೀತಿಯೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆನ್ನುತ್ತದೆ. ಕನ್ನಡ ಟೈಪಿಂಗ್‌ಗೆ ಕಗಪ ವಿನ್ಯಾಸ ಅದರಲ್ಲೂ ಇದೆ. ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಕೆಲಸ ಬೀಳುತ್ತದೆ, ಕೆಟ್ಟಾಗ ಸರಿಪಡಿಸುವವರು ಕೊಳ್ಳೇಗಾಲದ ಅಂಗಡಿಗಳಲ್ಲಿ ಸುಲಭಕ್ಕೆ ಸಿಗಲಿಕ್ಕಿಲ್ಲ. ಈ ಕಷ್ಟಗಳನ್ನು ಮುಚ್ಚಿಡಬೇಕಿಲ್ಲ. ಎಲ್ಲವನ್ನೂ ಬದಲಿಸಬೇಕೆಂದೂ ನಾನು ಹೇಳುತ್ತಿಲ್ಲ. ಎರಡು ದಾರಿಗಳಿವೆ ಎಂದು ಮಗು ಕಣ್ಣಾರೆ ನೋಡಲಿ.

ಮೂರು, ಪಾಠಯೋಜನೆಯಲ್ಲಿ ತಂತ್ರಜ್ಞಾನ ಬಳಸುವ ಕಡೆಯಲ್ಲೆಲ್ಲ ‘ಯಂತ್ರ ಕೈಕೊಟ್ಟರೆ’ ಎಂಬ ಒಂದು ಸಾಲನ್ನು ಕಡ್ಡಾಯ ಮಾಡೋಣ. ಕರೆಂಟ್ ಹೋದಾಗಲೂ ಅದು ಉಪಯೋಗಕ್ಕೆ ಬರುತ್ತದೆ.

2024ರಲ್ಲಿ ಮೈಕ್ರೋಸಾಫ್ಟ್ ತೆರೆಯ ಚಿತ್ರಗಳನ್ನು ತಾನಾಗಿಯೇ ತೆಗೆದಿಡುವ ‘ರೀಕಾಲ್’ ಎಂಬ ಸೌಲಭ್ಯವನ್ನು ಪ್ರಕಟಿಸಿತು. ಬಳಕೆದಾರರು, ಭದ್ರತಾ ತಜ್ಞರು ಬಲವಾಗಿ ವಿರೋಧಿಸಿದರು. ಕೆಲವೇ ವಾರಗಳಲ್ಲಿ ಕಂಪನಿ ಅದನ್ನು ಮುಂದೂಡಿ, ಬೇಕೆಂದವರು ಮಾತ್ರ ಆನ್ ಮಾಡಿಕೊಳ್ಳುವಂತೆ ಬದಲಿಸಿತು. ‘ಬೇಡ’ ಎಂಬ ಮಾತಿಗೆ ಬೆಲೆ ಇದೆ ಎನ್ನಲು ಇದೊಂದು ಸಾಕ್ಷಿ.

ಆ ಹುಡುಗನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಹಂತದ ಬೋಧನಾಭ್ಯಾಸ ಅದೇ ಶಾಲೆಯಲ್ಲಿ ಸಿಕ್ಕಿದರೆ, ಆ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ತೆರೆದು ಅವನನ್ನೇ ಮುಂದೆ ಕೂರಿಸಿ ಹುಡುಕಿಸಬೇಕೆಂದಿದ್ದೇನೆ.